ಎಳೆ ಹುಂಜದ ಕೂಗು: ಕೊರಳಿಗಿಂತ ಮೊದಲು ಗೂಡನ್ನು ನೋಡಿ

ಹುಂಜದ ಮರಿ ಮೊದಲ ಸಲ ಕೂಗಲು ಹೊರಟಾಗ ಅದು ಕೂಗಿನಂತೆ ಕೇಳಿಸುವುದೇ ಇಲ್ಲ. ಗಂಟಲು ಕಟ್ಟಿದಂಥ ಒಡಕು ದನಿ, ಅರ್ಧಕ್ಕೇ ಮುರಿದುಬೀಳುವ ರಾಗ. ಮನೆಯವರಿಗೆ ನಗು ಬರುತ್ತದೆ. ಸಾಮಾನ್ಯವಾಗಿ ನಾಲ್ಕೈದು ತಿಂಗಳಿಗೆ ಶುರುವಾಗುವ ಇದು ಚುರುಕಾಗಿ ಬೆಳೆಯುವ ಕೆಲವು ಮರಿಗಳಲ್ಲಿ ಎರಡು ಎರಡೂವರೆ ತಿಂಗಳಿಗೇ ಕಾಣಿಸಿಕೊಳ್ಳುವುದುಂಟು. ಒಡಕು ದನಿ ಗಟ್ಟಿಯಾಗಿ ಪೂರ್ತಿ ಕೂಗಾಗಲು ಇನ್ನೂ ಕೆಲವು ವಾರ ಬೇಕು. ಮಾಡಬೇಕಾದ್ದನ್ನು ಮಾಡಲು ಒಳ್ಳೆಯ ಕಾಲ ಅದೇ. ಆದರೆ ಹೆಚ್ಚಿನವರು ಪಕ್ಕದ ಮನೆಯವರು ಬಂದು ಬಾಗಿಲು ಬಡಿದ ಮೇಲೆ ದಾರಿ ಹುಡುಕುತ್ತಾರೆ. ಆಗ ಕೈಗೆ ಸಿಗುವುದು ಕೊರಳಿಗೆ ಕಟ್ಟುವ ಪಟ್ಟಿ. ಇರುವ ಉಪಾಯಗಳಲ್ಲಿ ಕೊನೆಗೆ ಇಡಬೇಕಾದದ್ದು ಅದು.

ಮರಿಗಳಲ್ಲಿ ಹುಂಜ ಯಾವುದು, ಹೇಂಟೆ ಯಾವುದು ಎಂಬುದನ್ನು ಕೂಗುವವರೆಗೆ ಕಾಯದೆ ತಿಳಿಯಬಹುದು. ಆರರಿಂದ ಎಂಟು ವಾರಕ್ಕೆ ಹುಂಜದ ಜುಟ್ಟು ಕೆಂಪೇರಿ ದಪ್ಪವಾಗತೊಡಗುತ್ತದೆ, ಕಾಲು ದಪ್ಪವಾಗಿರುತ್ತದೆ. ಆದರೆ ಬೇಗ ಬೆಳೆಯುವ ಹೇಂಟೆಗೂ ಜುಟ್ಟು ಕೆಂಪಾಗುವುದರಿಂದ ಇದೊಂದನ್ನೇ ನಂಬಬೇಡಿ. ಹನ್ನೆರಡು ವಾರ ದಾಟಿದ ಮೇಲೆ ಸೊಂಟದ ಮೇಲಿನ, ಬಾಲದ ಬುಡಕ್ಕೆ ಮುಂಚಿನ ಗರಿಗಳನ್ನು ನೋಡಿ. ಹುಂಜಕ್ಕೆ ಅಲ್ಲಿ ಉದ್ದನೆಯ, ತುದಿ ಚೂಪಾದ, ಹೊಳೆಯುವ ಗರಿಗಳು ಎರಡೂ ಪಕ್ಕಕ್ಕೆ ಇಳಿಬಿದ್ದಿರುತ್ತವೆ. ಹೇಂಟೆಗೆ ಅದೇ ಜಾಗದಲ್ಲಿ ತುದಿ ದುಂಡಾದ ಗರಿ. ಹುಂಜವೂ ಹೇಂಟೆಯಂಥದೇ ಗರಿ ತೊಡುವ ಕೆಲವೇ ತಳಿಗಳನ್ನು ಬಿಟ್ಟರೆ ಈ ಗುರುತು ತಪ್ಪುವುದು ಅಪರೂಪ.

ಇನ್ನು ಕೂಗಿನ ವಿಷಯ. ಬೆಳಕು ಕಂಡು ಹುಂಜ ಕೂಗುತ್ತದೆ ಎಂಬುದು ಅರ್ಧ ಸತ್ಯ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸದಾ ಒಂದೇ ಸಮನೆ ಮಬ್ಬು ಬೆಳಕಿನಲ್ಲಿಟ್ಟ ಹುಂಜಗಳೂ ಸುಮಾರು 23.7 ಗಂಟೆಗೊಂದು ಸುತ್ತಿನಂತೆ ಕೂಗುತ್ತಿದ್ದವು. ಹಗಲು ರಾತ್ರಿಯ ಕ್ರಮವಿದ್ದಾಗ ದೀಪ ಹತ್ತುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ ಕೂಗು ಶುರುವಾಗುತ್ತಿತ್ತು. ಅಂದರೆ ನಸುಕಿನ ಕೂಗಿಗೆ ಕಾರಣ ಮೈಯೊಳಗಿನ ಗಡಿಯಾರ. ಹೊರಗಿನ ಬೆಳಕು, ಇನ್ನೊಂದು ಹುಂಜದ ದನಿ ಇವೆಲ್ಲ ಅದರ ಮೇಲೆ ಬೀಳುವ ಪ್ರಚೋದನೆಗಳು. ಗೂಡಿಗೆ ಕಪ್ಪು ಬಟ್ಟೆ ಹೊದಿಸಿದ ಮಾರನೆಯ ದಿನವೇ ಕೂಗು ನಿಲ್ಲಲಿಲ್ಲ ಎಂದು ಬೇಸರಪಡುವವರು ಇದನ್ನು ಗಮನಿಸಬೇಕು.

ಅದೇ ಸಂಶೋಧಕರ 2015ರ ಇನ್ನೊಂದು ಅಧ್ಯಯನ ಹಿತ್ತಲಲ್ಲಿ ಕೋಳಿ ಸಾಕುವವರಿಗೆ ಇನ್ನೂ ಹೆಚ್ಚು ಉಪಯೋಗದ್ದು. ಗುಂಪಿನಲ್ಲಿ ಮೇಲುಗೈ ಇರುವ ಹುಂಜವೇ ಮೊದಲು ಕೂಗುತ್ತದೆ, ಉಳಿದವು ತಮ್ಮ ಸ್ಥಾನದ ಪ್ರಕಾರ ಒಂದರ ಹಿಂದೊಂದು ಕೂಗುತ್ತವೆ. ಮೇಲಿನದನ್ನು ತೆಗೆದರೆ ಎರಡನೆಯದು ಆ ಜಾಗಕ್ಕೆ ಬರುತ್ತದೆ. ಮೂರು ಎಳೆ ಹುಂಜಗಳಿರುವ ಮನೆಯಲ್ಲಿ ಅತಿ ಹೆಚ್ಚು ಗಲಾಟೆಯದನ್ನು ಸಾಗಹಾಕಿದ ಕೂಡಲೇ ಅದುವರೆಗೆ ತೆಪ್ಪಗಿದ್ದದ್ದು ಗಂಟಲು ಬಿಚ್ಚುವುದು ಇದಕ್ಕೇ. ಒಂದೇ ಕಾವಿನ ಮರಿಗಳು ಐದಾರು ತಿಂಗಳ ವಯಸ್ಸಿನಲ್ಲಿ ಯಾರು ಮೇಲು ಎಂಬುದನ್ನು ಇನ್ನೂ ಇತ್ಯರ್ಥ ಮಾಡಿಕೊಂಡಿರುವುದಿಲ್ಲ. ಒಂದು ಕೂಗಿದರೆ ಇನ್ನೊಂದು ಬಿಡುವುದಿಲ್ಲ. ಹಾಗಾಗಿ ಮೊದಲ ಕೆಲಸ ಲೆಕ್ಕ ಸರಿಮಾಡುವುದು: ಎಂಟರಿಂದ ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಐದಾರು ಹೇಂಟೆಗಳಿರುವ ಹಿತ್ತಲಿಗೆ ಎರಡನೆಯದು ಬೇಡವೇ ಬೇಡ. ಮೊಟ್ಟೆ ಸಿಕ್ಕರೆ ಸಾಕು ಅನ್ನುವವರಿಗೆ ಒಂದೂ ಬೇಕಾಗಿಲ್ಲ. ಹುಂಜವಿಲ್ಲದೆಯೂ ಹೇಂಟೆ ಅಷ್ಟೇ ಮೊಟ್ಟೆ ಇಡುತ್ತದೆ, ಮರಿ ಹುಟ್ಟುವುದಿಲ್ಲ ಅಷ್ಟೇ. ಉಳಿಸಿಕೊಳ್ಳುವುದಾದರೆ ಕೂಗು ಒಂದನ್ನೇ ನೋಡಿ ಆರಿಸಬೇಡಿ. ಮನುಷ್ಯರ ಮೇಲೆ ಎಗರದ, ಕಾಳು ಸಿಕ್ಕಾಗ ಹೇಂಟೆಗಳನ್ನು ಕರೆಯುವ ಹುಂಜ ಸ್ವಲ್ಪ ಹೆಚ್ಚು ಕೂಗಿದರೂ ಇಟ್ಟುಕೊಳ್ಳಲು ಯೋಗ್ಯ.

ಉಳಿದ ಒಂದರ ಕೂಗನ್ನು ಮೂರು ದಿನ ಬರೆದಿಡಿ. ಯಾವ ಹೊತ್ತಿಗೆ, ಎಷ್ಟು ಸಲ, ಆಗ ಏನಾಗುತ್ತಿತ್ತು, ಇಷ್ಟು ಸಾಕು. ಬರೆದದ್ದನ್ನು ನೋಡಿದರೆ ಕೂಗು ಎರಡು ಮೂರು ಗುಂಪಾಗಿ ಒಡೆಯುತ್ತದೆ. ನಸುಕಿನದೊಂದು. ಹಗಲಿನದೊಂದು: ಮೇವಿನ ತಟ್ಟೆ ಖಾಲಿ, ಹೇಂಟೆ ಮೊಟ್ಟೆಯಿಟ್ಟು ಕೊಕ್ಕರಿಸಿತು, ಬೇಲಿಯಾಚೆ ನಾಯಿ ಬಂತು, ದೂರದಲ್ಲೊಂದು ಹುಂಜ ಕೂಗಿತು. ಇದರಲ್ಲಿ ಸುಲಭವಾಗಿ ಸರಿಹೋಗುವವೂ ಇವೆ. ಸಂಜೆಯೇ ತಟ್ಟೆ ತುಂಬಿಸಿಟ್ಟರೆ ಬೆಳಗ್ಗೆ ನಿಮ್ಮ ಹೆಜ್ಜೆ ಸದ್ದಿಗೆ ಕೂಗುವುದು ಕಡಿಮೆಯಾಗುತ್ತದೆ. ರಾತ್ರಿ ಇಲಿ ಬಾರದಂತೆ ಆ ತಟ್ಟೆ ಮುಚ್ಚಿದ ಗೂಡಿನೊಳಗೇ ಇರಲಿ. ಬೇಲಿಯ ಕೆಳಗಿನ ನಾಲ್ಕು ಅಡಿಗೆ ಹಲಗೆಯನ್ನೋ ತಗಡನ್ನೋ ಹೊಡೆದು ಮರೆ ಮಾಡಿದರೆ ನಾಯಿ, ದಾರಿಹೋಕರು ಕಣ್ಣಿಗೆ ಬೀಳುವುದಿಲ್ಲ. ಗೂಡಿನ ಎದುರಿಗೆ ಕನ್ನಡಿಯಂತೆ ಹೊಳೆಯುವ ಗಾಜೋ ತಗಡೋ ಇದ್ದರೆ ತೆಗೆಯಿರಿ. ತನ್ನದೇ ಬಿಂಬವನ್ನು ಎದುರಾಳಿ ಎಂದುಕೊಂಡು ಅದಕ್ಕೆ ಉತ್ತರ ಕೊಡುವ ಹುಂಜಗಳಿವೆ.

ನಡುರಾತ್ರಿ ಒಂದು ಎರಡು ಗಂಟೆಗೆ ಕೂಗು ಎದ್ದರೆ ಅದು ಬೇರೆ. ಹುಂಜವನ್ನು ಏನೋ ಎಬ್ಬಿಸಿದೆ. ವಾಹನದ ದೀಪ, ಆಳು ಸುಳಿದಾಗ ಹತ್ತಿಕೊಳ್ಳುವ ಅಂಗಳದ ದೀಪ, ಇಲಿ, ಹಾವು ಇವನ್ನು ಜನ ಬೇಗ ಊಹಿಸುತ್ತಾರೆ. ಊಹಿಸದೆ ಬಿಡುವುದು ಕೆಂಪು ನುಸಿಯನ್ನು. ಇದು ಹಗಲೆಲ್ಲ ಗೂಡಿನ ಬಿರುಕುಗಳಲ್ಲಿ ಅಡಗಿ, ರಾತ್ರಿ ಕೋಳಿಯ ಮೈಗೆ ಹತ್ತಿ ರಕ್ತ ಹೀರುತ್ತದೆ. ಕೋಳಿಯನ್ನು ಹಗಲಲ್ಲಿ ಹಿಡಿದು ನೋಡಿದರೆ ಏನೂ ಸಿಗುವುದಿಲ್ಲ. ಕತ್ತಲಾಗಿ ಎರಡು ಗಂಟೆಯ ಮೇಲೆ ಹೋಗಿ, ಕೋಳಿ ಕೂರುವ ಕೋಲಿನ ಅಡಿಭಾಗಕ್ಕೆ ಬಿಳಿ ಬಟ್ಟೆ ಒತ್ತಿ ಉಜ್ಜಿ. ಬಟ್ಟೆಯಲ್ಲಿ ಸಣ್ಣ ಸಣ್ಣ ರಕ್ತದ ಗೆರೆ ಮೂಡಿದರೆ ನುಸಿ ಇದೆ. ಕೋಲು ಗೋಡೆಗೆ ಸೇರುವ ಸಂದಿಯಲ್ಲಿ ಬೂದಿ ಉದುರಿದಂತೆ ಕಾಣುವುದೂ ಅದರದೇ ಕುರುಹು. ಕೋಲು ಬಿಚ್ಚಿ, ಗೂಡು ಖಾಲಿಮಾಡಿ, ಸಂದಿಗಳನ್ನೆಲ್ಲ ಕೆರೆದು ತೊಳೆದು ಒಣಗಿಸಿ, ಪಶುವೈದ್ಯರು ಹೇಳಿದ ಔಷಧ ಸಿಂಪಡಿಸಿ. ಬೆಚ್ಚಗಿನ ವಾತಾವರಣದಲ್ಲಿ ನುಸಿಯ ಒಂದು ತಲೆಮಾರು ವಾರದೊಳಗೇ ಮುಗಿದು ಹೊಸದು ಎದ್ದುಬರುವುದರಿಂದ ಏಳನೇ ದಿನದ ಹೊತ್ತಿಗೆ ಮತ್ತೊಮ್ಮೆ ಮಾಡದಿದ್ದರೆ ಮೊದಲ ಸಲದ ಶ್ರಮ ವ್ಯರ್ಥ.

ನಸುಕಿನ ಕೂಗಿಗೆ ಇರುವ ಒಳ್ಳೆಯ ಉಪಾಯ ಬೆಳಕು ಒಳಬಾರದ ರಾತ್ರಿಪೆಟ್ಟಿಗೆ. ಹುಂಜಕ್ಕೆ ಮಾತ್ರ, ರಾತ್ರಿಗೆ ಮಾತ್ರ. ಇಡೀ ಗುಂಪನ್ನು ಬೆಳಗ್ಗೆ ತಡವಾಗಿ ಬಿಡುವುದು ಸುಲಭ ಅನ್ನಿಸಬಹುದು. ಆದರೆ ಹೇಂಟೆ ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಬೆಳಗಿನ ಎರಡು ಗಂಟೆ ಕತ್ತರಿಸಿದರೆ ಮೊಟ್ಟೆ ಇಳಿಯುತ್ತದೆ.

ಪೆಟ್ಟಿಗೆಯ ತಳ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ ಇರಲಿ. ದೊಡ್ಡ ತಳಿಗೆ ಎರಡೂ ಎರಡು ಅಡಿ. ಗೋಡೆಗೆ 18 ಮಿಲಿಮೀಟರ್ ಪ್ಲೈವುಡ್. ತಳಕ್ಕೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು ಅಥವಾ ಮರದ ಹೊಟ್ಟು. ಹುಂಜ ಕೂಗುವಾಗ ಕೊರಳನ್ನು ಮೇಲಕ್ಕೆ ಚಾಚುವುದರಿಂದ ಚಾವಣಿಯನ್ನು ತಗ್ಗಿಸಿದರೆ ಕೂಗು ಕುಗ್ಗುತ್ತದೆ ಎನ್ನುವವರಿದ್ದಾರೆ. ಕೆಲವಕ್ಕೆ ಕುಗ್ಗುತ್ತದೆ, ಕೆಲವು ತಲೆ ಬಗ್ಗಿಸಿಕೊಂಡೇ ಕೂಗುತ್ತವೆ. ಅದು ಸಹಜವಾಗಿ ನಿಂತಾಗ ಜುಟ್ಟಿನ ಮೇಲೆ ಎರಡು ಮೂರು ಬೆರಳು ಜಾಗ ಉಳಿಯುವಷ್ಟಕ್ಕಿಂತ ತಗ್ಗಿಸಬೇಡಿ. ನಿಲ್ಲಲಾಗದ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಕೂರಿಸುವುದು ಹಿಂಸೆ.

ಗಾಳಿಯ ವಿಷಯದಲ್ಲೇ ಹೆಚ್ಚಿನ ಪೆಟ್ಟಿಗೆಗಳು ಕೆಡುವುದು. ಬೆಳಕು ಬರಬಾರದು ಎಂದು ಎಲ್ಲವನ್ನೂ ಮುಚ್ಚಿದರೆ ಬೆಳಗ್ಗೆ ಹುಂಜ ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ. ಒಂದು ಪಕ್ಕದ ಕೆಳಭಾಗದಲ್ಲಿ, ಎದುರು ಪಕ್ಕದ ಮೇಲ್ಭಾಗದಲ್ಲಿ ಎರಡು ಕಿಂಡಿ ತೆಗೆಯಿರಿ. ಎರಡೂ ಸೇರಿ ಒಂದು ಚದರ ಅಡಿಯಷ್ಟಿರಲಿ. ಪ್ರತಿ ಕಿಂಡಿಯ ಹೊರಗೆ ಹಲಗೆಯಿಂದ ಎರಡು ತಿರುವಿನ ಹಾದಿ ಕಟ್ಟಿ, ಅದರ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಗಾಳಿ ತಿರುಗಿಕೊಂಡು ಬರುತ್ತದೆ, ಬೆಳಕು ಬರುವುದಿಲ್ಲ, ಸದ್ದೂ ಒಂದಿಷ್ಟು ತಡೆಯುತ್ತದೆ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ. ಹುಂಜವನ್ನು ಬಿಡುವ ಮುಂಚೆ ನೀವೇ ಹಗಲು ಹೊತ್ತಿನಲ್ಲಿ ತಲೆ ಒಳಗೆ ಹಾಕಿ, ದಪ್ಪ ಬಟ್ಟೆಯಿಂದ ಸುತ್ತ ಮುಚ್ಚಿಕೊಂಡು ಐದು ನಿಮಿಷ ನೋಡಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಾಣುವ ಸೂಜಿಮೊನೆಯಷ್ಟು ಬೆಳಕನ್ನೂ ಮುಚ್ಚಬೇಕು. ಒಳಗೆ ತಾಪಮಾಪಕ ಇಡಿ. ಕೋಳಿಗೆ ಬೆವರು ಗ್ರಂಥಿ ಇಲ್ಲ, ಮೈ ತಣಿಸಿಕೊಳ್ಳಲು ಮುಖ್ಯವಾಗಿ ಉಸಿರೇ ದಾರಿ. ಪೆಟ್ಟಿಗೆಯೊಳಗೆ 28 ಡಿಗ್ರಿ ದಾಟುವ ರಾತ್ರಿಗಳಲ್ಲಿ ಇದನ್ನು ಬಳಸಬೇಡಿ. ಬೆಳಗ್ಗೆ ತೆರೆದಾಗ ಮೂಗಿಗೆ ಅಮೋನಿಯಾದ ಘಾಟು ಹೊಡೆದರೆ ಹೊಟ್ಟು ಬದಲಿಸುವುದಷ್ಟೇ ಅಲ್ಲ, ಕಿಂಡಿಯನ್ನೂ ದೊಡ್ಡದು ಮಾಡಬೇಕು.

ಕತ್ತಲಾಗಿ ಹುಂಜ ಕೋಲಿನ ಮೇಲೆ ಕೂತ ಬಳಿಕ, ರೆಕ್ಕೆಗಳೆರಡನ್ನೂ ಮೈಗೆ ಒತ್ತಿ ಹಿಡಿದು, ಕಂಕುಳಲ್ಲಿ ಇಟ್ಟುಕೊಂಡು ಸಾಗಿಸಿ. ಕಾಲು ಹಿಡಿದು ತಲೆಕೆಳಗು ಮಾಡಬೇಡಿ. ಹತ್ತು ಗಂಟೆಗಿಂತ ಹೆಚ್ಚು ಒಳಗಿಡಬೇಡಿ; ಬಿಟ್ಟ ಕೂಡಲೇ ನೀರು ಎದುರಿಗಿರಲಿ.

ಪೆಟ್ಟಿಗೆ ತೆರೆಯುವ ಹೊತ್ತು ದಿನಾ ಒಂದೇ ಆಗಿರಬೇಕು. ಮೈಯ ಗಡಿಯಾರ ತಾನು ಕಾಣುವ ಬೆಳಕಿಗೆ ಹೊಂದಿಕೊಳ್ಳುತ್ತದೆ. ದಿನಾ ಏಳಕ್ಕೇ ಬೆಳಕು ಕಂಡರೆ ನಸುಕಿನ ಕೂಗೂ ನಿಧಾನವಾಗಿ ಆ ಕಡೆಗೆ ಸರಿಯುತ್ತದೆ. ಎರಡು ವಾರವಾದರೂ ಕೊಡಿ. ರಜಾದಿನ ಎಂದು ಒಂಬತ್ತಕ್ಕೆ, ಕೆಲಸವಿದೆ ಎಂದು ಇನ್ನೊಂದು ದಿನ ಐದೂವರೆಗೆ ತೆರೆಯುವ ಮನೆಯಲ್ಲಿ ಇದು ಫಲಿಸುವುದಿಲ್ಲ. ಐದೂವರೆಗೆ ಬಿರುಕಿನಿಂದ ಇಣುಕುವ ಬೆಳಕೂ ಅದೇ ಕೆಡುಕನ್ನು ಮಾಡುತ್ತದೆ, ಅದಕ್ಕೇ ಸೂಜಿಮೊನೆಯಷ್ಟನ್ನೂ ಬಿಡಬೇಡಿ ಎಂದದ್ದು. ಎಲ್ಲ ಸರಿಯಾಗಿ ಮಾಡಿದರೂ ಒಳಗಿನಿಂದ ಒಂದೆರಡು ಕೂಗು ಕೇಳಿಸಬಹುದು. ಅದು ನೆರೆಯವರ ಕಿಟಕಿ ದಾಟದಿದ್ದರೆ ಕೆಲಸವಾಯಿತು.

ಹುಂಜದ ಕೂಗು ಹತ್ತಿರದಿಂದ 100 ಡೆಸಿಬೆಲ್‌ ಮುಟ್ಟಬಲ್ಲದು. ಬೆಲ್ಜಿಯಂನ ಸಂಶೋಧಕರು ಹುಂಜದ ಕಿವಿಯ ಬಾಯಲ್ಲೇ ಅಳೆದಾಗ 140 ಮೀರಿದ್ದೂ ಉಂಟು. ಕೊಕ್ಕನ್ನು ಪೂರ್ತಿ ತೆರೆದಾಗ ಅದರ ಕಿವಿಯ ಹಾದಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ತೆರೆದ ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನೆರೆಮನೆಯ ಕಿಟಕಿಯಿಂದ ನಾಲ್ಕು ಮೀಟರಿನಲ್ಲಿದ್ದ ಗೂಡನ್ನು ಹದಿನಾರು ಮೀಟರಿಗೆ ಸರಿಸಿದರೆ 12 ಡೆಸಿಬೆಲ್ ಕಡಿಮೆ, ಕಿವಿಗೆ ಅರ್ಧಕ್ಕಿಂತಲೂ ಕಡಿಮೆ ಅನ್ನಿಸುತ್ತದೆ. ನಾಲ್ಕರಿಂದ ಆರಕ್ಕೆ ಸರಿಸಿ ಏನೂ ಆಗಲಿಲ್ಲ ಎಂದರೆ ಆಗುವುದೂ ಇಲ್ಲ. ಎರಡು ಗೋಡೆ ಸೇರುವ ಮೂಲೆಯಲ್ಲಿ ಗೂಡಿಟ್ಟರೆ ಸದ್ದು ಪ್ರತಿಫಲಿಸಿ ಏರುತ್ತದೆ. ಮೊಟ್ಟೆಯ ಟ್ರೇ ಅಂಟಿಸುವುದರಿಂದ, ತೆಳು ಸ್ಪಂಜಿನಿಂದ ಪ್ರಯೋಜನವಿಲ್ಲ. ಸದ್ದನ್ನು ತಡೆಯುವುದು ತೂಕ, ಮತ್ತು ಸಂದಿಯಿಲ್ಲದ ಬಿಗಿ.

ಇನ್ನು ಕೊರಳಪಟ್ಟಿ. ಪಕ್ಷಿಯ ದನಿಪೆಟ್ಟಿಗೆ ಗಂಟಲಿನಲ್ಲಿಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ, ಎದೆಯೊಳಗಿದೆ. ಪಟ್ಟಿ ಮಾಡುವುದಿಷ್ಟೇ: ಕೂಗಲು ಬೇಕಾದ ಗಾಳಿ ರಭಸವಾಗಿ ನುಗ್ಗದಂತೆ ಕೊರಳನ್ನು ಬಿಗಿಯುವುದು. ಕೂಗು ತಗ್ಗುತ್ತದೆ, ನಿಲ್ಲುವುದಿಲ್ಲ. ಬೆಳೆಯುತ್ತಿರುವ ಎಳೆ ಹುಂಜಕ್ಕೆ ನನ್ನ ಮಟ್ಟಿಗೆ ಇದು ಬೇಡ, ಏಕೆಂದರೆ ಇವತ್ತು ಸರಿಯಾಗಿದ್ದ ಪಟ್ಟಿ ಎರಡು ವಾರಕ್ಕೆ ಉರುಳಾಗುತ್ತದೆ. ಪೂರ್ತಿ ಬೆಳೆದ ಹುಂಜಕ್ಕೆ ಕಟ್ಟಲೇಬೇಕೆಂದರೆ ಗರಿಯ ಕೆಳಗೆ, ಕೊರಳಿನ ಬುಡದಲ್ಲಿ, ಕಿರುಬೆರಳು ಸಲೀಸಾಗಿ ತೂರುವಷ್ಟು ಸಡಿಲವಾಗಿ ಕಟ್ಟಿ, ಮೊದಲ ಒಂದು ಗಂಟೆ ಎದುರಿಗೇ ಇರಿ. ಹಿಂದಕ್ಕೆ ಹಿಂದಕ್ಕೆ ನಡೆಯುವುದು, ತಲೆ ಕೊಡವುವುದು ಸ್ವಲ್ಪ ಹೊತ್ತು ಸಹಜ. ಜುಟ್ಟು ನೀಲಿಗಟ್ಟಿದರೆ, ಬಾಯಿ ತೆರೆದು ಉಸಿರಾಡಿದರೆ, ಮಾರನೇ ಬೆಳಗ್ಗೆಯೂ ಎದೆಯ ಮೇಲಿನ ಮೇವಿನ ಚೀಲ ತುಂಬಿಕೊಂಡೇ ಇದ್ದರೆ ತಕ್ಷಣ ಬಿಚ್ಚಿ. ಸೆಕೆಯ ದಿನಗಳಲ್ಲಿ ಕಟ್ಟಲೇಬೇಡಿ. ಬೀಜ ತೆಗೆಸುವ ಮಾತೂ ಬರುತ್ತದೆ. ಹುಂಜದ ವೃಷಣಗಳಿರುವುದು ಹೊಟ್ಟೆಯೊಳಗೆ, ಬೆನ್ನಿಗಂಟಿ, ದೊಡ್ಡ ರಕ್ತನಾಳಗಳ ಪಕ್ಕದಲ್ಲಿ. ಮನೆಯಲ್ಲಿ ಮಾಡುವಂಥದ್ದಲ್ಲ.

ಕೂಗಿದಾಗ ನೀರೆರಚುವುದು, ಗದರುವುದು, ಕೋಲು ಬೀಸುವುದು ಇವುಗಳಿಂದ ಕೂಗು ಕಡಿಮೆಯಾಗುವುದಿಲ್ಲ. ಆರು ತಿಂಗಳ ಹುಂಜಕ್ಕೆ ನೀವು ಎದುರಾಳಿಯಾಗುತ್ತೀರಿ, ಕಾಲಿನ ಮುಳ್ಳು ಬೆಳೆಯುವ ಹೊತ್ತಿಗೆ ಅದು ನಿಮ್ಮ ಮೇಲೇ ಹಾರುತ್ತದೆ.

ಬೇರೆಯವರಿಗೆ ಕೊಡುವುದಾದರೆ ಕೂಗಿನ ಸಂಗತಿ ಮುಚ್ಚಿಡಬೇಡಿ. ಕೊಂಡವರು 30 ದಿನ ತಮ್ಮ ಕೋಳಿಗಳಿಂದ ಪ್ರತ್ಯೇಕವಾಗಿಡುವಂತೆ ಹೇಳಿ. ಮರಿ ಮಾಡಿಸುವ ಆಸೆಯಿದ್ದರೆ ಹುಂಜ ಹೋದ ಮೊದಲ ವಾರದ ಮೊಟ್ಟೆಗಳನ್ನು ಕಾವಿಗೆ ತೆಗೆದಿಡಬಹುದು. ಗರ್ಭಕಟ್ಟಿದ ಮೊಟ್ಟೆ ಎರಡು ಮೂರು ವಾರದವರೆಗೂ ಸಿಗುವುದುಂಟು, ಆದರೆ ದಿನ ಕಳೆದಂತೆ ಅವುಗಳ ಪಾಲು ಇಳಿಯುತ್ತದೆ. ಹುಂಜವಿಲ್ಲದ ಗುಂಪಿನಲ್ಲಿ ಮೇಲುಗೈಯ ಹೇಂಟೆಯೊಂದು ಅಪರೂಪಕ್ಕೆ ತಾನೇ ಕೂಗತೊಡಗುತ್ತದೆ. ಅದರ ಕೂಗು ಗಿಡ್ಡ, ದನಿ ಒರಟು. ಮೊಟ್ಟೆ ಇಡುತ್ತಿದ್ದರೆ ಬಿಟ್ಟುಬಿಡಿ. ಮೊಟ್ಟೆ ನಿಂತು, ಜುಟ್ಟು ದೊಡ್ಡದಾಗಿ, ಗರಿ ಬದಲಾದಾಗ ಸೊಂಟದ ಮೇಲೆ ಚೂಪು ಗರಿ ಬಂದರೆ ಅಂಡಾಶಯಕ್ಕೆ ಏನೋ ಆಗಿರಬಹುದು, ಪಶುವೈದ್ಯರಿಗೆ ತೋರಿಸಿ.