ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಬಿಸಿ

"ಒಂದು ಯೂನಿಟ್ ಹಾಕಿದ್ರೆ ಮೂರು ಯೂನಿಟ್ ಬರುತ್ತಾ? ಇದೇನ್ರೀ, ಚಿಟ್ ಫಂಡಾ?"

ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ನೀರು ಕಾಯಿಸುವ ಹೀಟ್ ಪಂಪ್ ವಿಷಯ ಬಂದಾಗ ಹಿರಿಯರೊಬ್ಬರು ಎದ್ದು ಹೀಗೆ ಕೇಳಿದರು. ಎಲ್ಲರೂ ನಕ್ಕರು. ಮಾರಲು ಬಂದಿದ್ದ ಹುಡುಗ ಉತ್ತರ ಹೇಳೋದು ಬಿಟ್ಟು ಬಣ್ಣದ ಕಾಗದ ಹಂಚಿದ. ನನಗೆ ಕೋಪ ಬಂದಿದ್ದು ಆ ಹಿರಿಯರ ಮೇಲಲ್ಲ. ಅವರ ಅನುಮಾನ ನ್ಯಾಯವಾದದ್ದೇ. "ಪ್ಲಗ್‌ಗೆ ಸಿಕ್ಕಿಸಿ, ಬಿಲ್ ಅರ್ಧ ಆಗುತ್ತೆ" ಅಂತ ಪುಟ್ಟ ಡಬ್ಬಿ ಮಾರುವವರೂ ಇರೋ ಕಾಲ ಇದು. ಆ ಡಬ್ಬಿ ಶುದ್ಧ ಮೋಸ. ಹೀಟ್ ಪಂಪ್ ಮೋಸ ಅಲ್ಲ. ಎರಡಕ್ಕೂ ಏನು ವ್ಯತ್ಯಾಸ ಅಂತ ಗೊತ್ತಿಲ್ಲದೆ ಇದ್ದರೆ ಡಬ್ಬಿಯನ್ನು ನಂಬುತ್ತೇವೆ, ಪಂಪನ್ನು ಅನುಮಾನಿಸುತ್ತೇವೆ.

ಗೀಸರ್ ವಿಷಯ ಸರಳ. ಒಳಗಿನ ಕಾಯಿಲ್‌ಗೆ ಕೊಟ್ಟ ಕರೆಂಟೆಲ್ಲ ಬಿಸಿಯಾಗುತ್ತದೆ. ಒಂದು ಯೂನಿಟ್ ಕೊಟ್ಟರೆ ಒಂದು ಯೂನಿಟ್ ಬಿಸಿ. ಐದು ಸ್ಟಾರ್ ಇರಲಿ, ಹತ್ತು ಸ್ಟಾರ್ ಇರಲಿ, ಒಂದಕ್ಕಿಂತ ಜಾಸ್ತಿ ಬರೋದು ಸಾಧ್ಯವೇ ಇಲ್ಲ. ಆ ಸ್ಟಾರ್‌ಗಳು ಹೇಳೋದು ಟ್ಯಾಂಕಿನಿಂದ ಎಷ್ಟು ಬಿಸಿ ಸೋರಿ ಹೋಗುತ್ತದೆ ಅನ್ನೋದನ್ನು ಮಾತ್ರ.

ಹೀಟ್ ಪಂಪ್ ಬಿಸಿಯನ್ನು ತಯಾರು ಮಾಡುವುದಿಲ್ಲ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎತ್ತಿ ತಂದು ನೀರಿಗೆ ಹಾಕುತ್ತದೆ. ನಿಮ್ಮ ಬೋರ್‌ವೆಲ್ ಮೋಟರ್ ನೀರನ್ನು ಹುಟ್ಟಿಸುತ್ತದಾ? ಇಲ್ಲ. ಕೆಳಗಿರುವ ನೀರನ್ನು ಮೇಲೆ ತರುತ್ತದೆ, ಅಷ್ಟೇ. ಕರೆಂಟು ಖರ್ಚಾಗೋದು ಎತ್ತುವ ಕೆಲಸಕ್ಕೆ. ನೀರು 200 ಅಡಿಯಲ್ಲಿದ್ದರೆ ಬಿಲ್ ಕಡಿಮೆ, 1,200 ಅಡಿಗೆ ಹೋದರೆ ಜಾಸ್ತಿ. ಇಲ್ಲೂ ಹಾಗೇ. ಹೊರಗಿನ ಗಾಳಿಯ ಉಷ್ಣತೆಗೂ ನಮಗೆ ಬೇಕಾದ ನೀರಿನ ಉಷ್ಣತೆಗೂ ಇರುವ ಅಂತರವೇ ಆಳ. ಅಂತರ ಚಿಕ್ಕದಾದಷ್ಟೂ ಕಡಿಮೆ ಕರೆಂಟಿನಲ್ಲಿ ಜಾಸ್ತಿ ಬಿಸಿ ಮೇಲೆ ಬರುತ್ತದೆ. ಇದೊಂದು ತಲೆಯಲ್ಲಿ ಕೂತರೆ ಹೀಟ್ ಪಂಪ್ ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

"ಚಳಿಗಾಲದ ಬೆಳಗ್ಗೆ ಗಾಳಿಯಲ್ಲಿ ಬಿಸಿ ಎಲ್ಲಿಂದ ಬರಬೇಕು?" ಅನ್ನೋದು ಮುಂದಿನ ಪ್ರಶ್ನೆ. ಬೆಂಗಳೂರಿನ ಅತಿ ಚಳಿಯ ದಾಖಲೆ 7.8 ಡಿಗ್ರಿ. ಅದು 1884ರ ಜನವರಿ 13ರ ಮಾತು. ಆ ದಿನ ಊರಿನ ಮಂದಿ ಕಂಬಳಿ ಹೊದ್ದು ನಡುಗಿರಬಹುದು. ಆದರೆ ನಿಜವಾದ ಸೊನ್ನೆ, ಅಂದರೆ ಅದಕ್ಕಿಂತ ತಣ್ಣಗೆ ಯಾವುದೂ ಆಗಲಾರದ ಮಟ್ಟ, ಇರೋದು ಮೈನಸ್ 273ರಲ್ಲಿ. ಅಲ್ಲಿಂದ ಎಣಿಸಿದರೆ ಆ ಬೆಳಗ್ಗೆಯ ಗಾಳಿಯೂ 281 ಡಿಗ್ರಿ ಬೆಚ್ಚಗಿತ್ತು! ನಮಗೆ ಚಳಿ ಅನಿಸೋದು ನಮ್ಮ ಮೈ 37ರಲ್ಲಿ ಇರೋದರಿಂದ. ಗಾಳಿಯಲ್ಲಿ ಶಾಖ ಬೇಕಾದಷ್ಟಿದೆ. ತೊಂದರೆ ಒಂದೇ, ಶಾಖ ತಾನಾಗಿ ತಂಪಾದ ಕಡೆಯಿಂದ ಬಿಸಿಯಾದ ಕಡೆಗೆ ಹರಿಯುವುದಿಲ್ಲ. ಹರಿಸಲು ಒಂದು ಉಪಾಯ ಬೇಕು.

ಆ ಉಪಾಯ ನನಗೆ ತುಂಬಾ ಇಷ್ಟ, ಸ್ವಲ್ಪ ವಿವರವಾಗಿ ಹೇಳಿಬಿಡುತ್ತೇನೆ. ದ್ರವ ಎಷ್ಟು ಡಿಗ್ರಿಗೆ ಕುದಿಯುತ್ತದೆ ಅನ್ನೋದನ್ನು ಅದರ ಮೇಲಿನ ಒತ್ತಡ ತೀರ್ಮಾನಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅದೇ ನೀರು ಕುಕ್ಕರ್ ಒಳಗೆ ಒತ್ತಡದಲ್ಲಿ 120 ಡಿಗ್ರಿ ಹತ್ತಿರ ಹೋಗುತ್ತದೆ, ಬೇಳೆ ಬೇಗ ಬೇಯುತ್ತದೆ. ಈಗ ನೀರಿನ ಬದಲು ಆರ್-134ಎ ಅನ್ನೋ ದ್ರವ ತಗೊಳ್ಳಿ. ಸಾಮಾನ್ಯ ಒತ್ತಡದಲ್ಲಿ ಇದು ಮೈನಸ್ 26ಕ್ಕೇ ಕುದಿದು ಆವಿಯಾಗುತ್ತದೆ. ಗಾಳಿಯ ನಾಲ್ಕು ಪಟ್ಟು ಒತ್ತಡದಲ್ಲಿಟ್ಟರೆ ಸುಮಾರು 9 ಡಿಗ್ರಿಗೆ ಕುದಿಯುತ್ತದೆ. ಅಂದರೆ ನಮ್ಮ 20 ಡಿಗ್ರಿ ಗಾಳಿ ಇದಕ್ಕೆ ಒಲೆ! ಫ್ಯಾನ್ ಆ ಗಾಳಿಯನ್ನು ತಾಮ್ರದ ಕೊಳವೆಗಳ ಮೇಲೆ ಬೀಸುತ್ತದೆ. ಒಳಗಿನ ದ್ರವ ಗಾಳಿಯಿಂದ ಶಾಖ ಹೀರಿ ಆವಿಯಾಗುತ್ತದೆ. ಗಾಳಿ ತಣ್ಣಗಾಗಿ ಹೊರಗೆ ಹೋಗುತ್ತದೆ.

ಇಲ್ಲಿ ಕಂಪ್ರೆಸರ್ ಬರುತ್ತದೆ. ಕರೆಂಟು ತಿನ್ನೋದು ಮುಖ್ಯವಾಗಿ ಇದೇ. ಆವಿಯನ್ನು ಹಿಂಡಿ ಒತ್ತಡವನ್ನು ಗಾಳಿಯ ಒತ್ತಡದ 15 ಪಟ್ಟಿಗೆ ಏರಿಸುತ್ತದೆ. ಈ ಒತ್ತಡದಲ್ಲಿ ಅದೇ ಆವಿ 55 ಡಿಗ್ರಿಯಲ್ಲೇ ಮತ್ತೆ ದ್ರವ ಆಗಲು ತಯಾರು. ನೀರಿನ ಟ್ಯಾಂಕಿಗೆ ಸುತ್ತಿದ ಕೊಳವೆಯಲ್ಲಿ ಹರಿಯುತ್ತಾ ದ್ರವವಾಗುತ್ತದೆ. ಆಗ ಗಾಳಿಯಿಂದ ಹೀರಿದ್ದ ಶಾಖವನ್ನೂ ಕಂಪ್ರೆಸರ್ ಕೊಟ್ಟಿದ್ದನ್ನೂ ಸೇರಿಸಿ ನೀರಿಗೆ ಕೊಟ್ಟುಬಿಡುತ್ತದೆ. ಆಮೇಲೆ ಒಂದು ಸಣ್ಣ ಕಿಂಡಿಯಲ್ಲಿ ನುಸುಳಿ, ಒತ್ತಡ ಕಳೆದುಕೊಂಡು, ತಣ್ಣಗಾಗಿ, ಮತ್ತೆ ಗಾಳಿಯ ಹತ್ತಿರ ಬರುತ್ತದೆ. ಕರೆಂಟಿನಿಂದ ಒಂದು ಯೂನಿಟ್, ಗಾಳಿಯಿಂದ ಎರಡು. ನೀರಿಗೆ ಸಿಕ್ಕಿದ್ದು ಮೂರು. ಲೆಕ್ಕದಲ್ಲಿ ಎಲ್ಲೂ ಮಾಯ ಇಲ್ಲ.

"ಆ ಗ್ಯಾಸ್ ಸ್ನಾನದ ನೀರಿಗೆ ಸೇರುತ್ತಂತೆ, ಕೂದಲು ಉದುರುತ್ತಂತೆ" ಅನ್ನೋ ವಾಟ್ಸಾಪ್ ಸುದ್ದಿಗೂ ಇಲ್ಲೇ ಉತ್ತರ ಇದೆ. ಗ್ಯಾಸ್ ಇರೋದು ಮುಚ್ಚಿದ ಕೊಳವೆಯಲ್ಲಿ, ನೀರು ಇರೋದು ಟ್ಯಾಂಕಿನಲ್ಲಿ. ಸೋಲಾರ್ ಬಂದಾಗಲೂ ಇದೇ ಕೂದಲಿನ ಕಥೆ ಓಡಾಡಿತ್ತು. ಪಾಪ, ಗಡಸು ಬೋರ್ ನೀರಿನ ಅಪರಾಧವೆಲ್ಲ ಹೊಸ ಯಂತ್ರದ ತಲೆಗೆ.

ಅಂದಹಾಗೆ ಇದು ಹೊಸ ಯಂತ್ರವೂ ಅಲ್ಲ. 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋ ಶಾಖದ ಎಂಜಿನ್ನಿಗೆ ಇರುವ ಮಿತಿಯನ್ನು ಲೆಕ್ಕ ಹಾಕಿ ತೋರಿಸಿದ. ಆ ಲೆಕ್ಕವನ್ನು ತಿರುಗಿಸಿ ನೋಡಿದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು. ಕಲ್ಲಿದ್ದಲನ್ನು ನೇರವಾಗಿ ಉರಿಸಿ ಮನೆ ಬೆಚ್ಚಗೆ ಮಾಡುವ ಬದಲು, ಯಂತ್ರದ ಮೂಲಕ ಹೊರಗಿನ ಶಾಖವನ್ನು ಒಳಗೆ ತಂದರೆ ಇಂಧನ ಉಳಿಯುತ್ತದೆ ಅಂತ 1852ರಲ್ಲೇ ಬರೆದ. ನಾಲ್ಕೈದು ವರ್ಷದಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್ ಎಬೆನ್ಸೀ ಊರಿನ ಉಪ್ಪಿನ ಕಾರ್ಖಾನೆಯಲ್ಲಿ, ಉಪ್ಪುನೀರಿನಿಂದ ಎದ್ದ ಆವಿಯನ್ನೇ ಹಿಂಡಿ ಅದರಿಂದಲೇ ಮತ್ತೆ ಉಪ್ಪುನೀರು ಕಾಯಿಸಲು ಹೊರಟ. 1938ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು ಪಕ್ಕದ ಲಿಮ್ಮಾಟ್ ನದಿಯ ತಣ್ಣನೆ ನೀರಿನಿಂದ ಶಾಖ ಎತ್ತಿ ಬೆಚ್ಚಗಿಟ್ಟರು. ಇಷ್ಟು ಹಳೆಯ ವಿದ್ಯೆ ಹಿಂದೆ ಬಿದ್ದಿದ್ದು ಯಾಕೆ? ಎಣ್ಣೆ, ಗ್ಯಾಸ್, ಕಲ್ಲಿದ್ದಲು ಅಗ್ಗವಾಗಿದ್ದವು. ಅಷ್ಟೇ.

ಇವತ್ತು ನಾರ್ವೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಹೀಟ್ ಪಂಪ್ ಇದೆ. ಚಳಿ ದೇಶದಲ್ಲಿ ಇದು ಕೆಲಸ ಮಾಡಲ್ಲ ಅನ್ನೋರಿಗೆ ಇಷ್ಟು ಸಾಕು. ಆದರೆ ಅಲ್ಲಿ ಕಷ್ಟಗಳು ಬೇರೆ. ಇಂಗ್ಲೆಂಡಿನಲ್ಲಿರುವ ನನ್ನ ತಂಗಿ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ತೆಗೆಸಿ ಇದನ್ನು ಹಾಕಿಸಿದ ಹೊಸದರಲ್ಲಿ ಫೋನ್ ಮಾಡಿ, "ಅಣ್ಣಾ, ರೇಡಿಯೇಟರ್ ಮುಟ್ಟಿದ್ರೆ ಬಿಸಿನೇ ಇಲ್ಲ. ಹಾಳಾಗಿದ್ಯೋ ಏನೋ" ಅಂದಳು. ಹಾಳಾಗಿರಲಿಲ್ಲ. ಗ್ಯಾಸ್ ಬಾಯ್ಲರ್ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳ ಒಳಗೆ 70 ಡಿಗ್ರಿ ನೀರನ್ನು ಸ್ವಲ್ಪ ಹೊತ್ತು ಓಡಿಸುತ್ತದೆ. ಹೀಟ್ ಪಂಪ್ 40 ಡಿಗ್ರಿ ಆಸುಪಾಸಿನ ನೀರನ್ನು ದಿನವಿಡೀ ಓಡಿಸಬೇಕು, ಅದಕ್ಕೇ ರೇಡಿಯೇಟರ್ ದೊಡ್ಡದಿರಬೇಕು. 70ಕ್ಕೆ ಏರಿಸು ಅಂತ ಹಟ ಹಿಡಿದರೆ ಎತ್ತುವ ಆಳ ಹೆಚ್ಚಿ ಉಳಿತಾಯವೆಲ್ಲ ಹೋಯಿತು. ಗೋಡೆ, ಕಿಟಕಿಗಳಿಂದ ಬಿಸಿ ಸೋರದಂತೆ ಮೊದಲು ಮಾಡಿಸಿಕೊಳ್ಳಬೇಕು. ಅಲ್ಲಿ ಯೂನಿಟ್ ಲೆಕ್ಕದಲ್ಲಿ ಗ್ಯಾಸಿಗಿಂತ ಕರೆಂಟು ಸುಮಾರು ನಾಲ್ಕು ಪಟ್ಟು ದುಬಾರಿ. ಹಾಗಾಗಿ ಒಂದಕ್ಕೆ ಮೂರು ಬಂದರೂ ಬಿಲ್ ಇಳಿಯೋದು ಕಷ್ಟ. ಬಾಯ್ಲರ್‌ನಲ್ಲೂ ಸ್ವಲ್ಪ ಬಿಸಿ ವ್ಯರ್ಥವಾಗುವುದರಿಂದ ನಾಲ್ಕು ಬೇಕಿಲ್ಲ, ಆದರೆ ಮೂರೂವರೆ ದಾಟಬೇಕು. ಇನ್ನೊಂದು, ಸೊನ್ನೆ ಡಿಗ್ರಿ ಹತ್ತಿರದ ತೇವದ ಗಾಳಿಯಲ್ಲಿ ಹೊರಗಿನ ಕೊಳವೆಗಳ ಮೇಲೆ ಮಂಜುಗಡ್ಡೆ ಕೂರುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ಕೆಲವು ನಿಮಿಷ ಉಲ್ಟಾ ಓಡುತ್ತದೆ. ಆಗ ಬಿಳಿ ಆವಿ ಏಳುತ್ತದೆ, ಪಕ್ಕದ ಮನೆಯವರು ಹೊಗೆ ಅಂತ ಗಾಬರಿಯಾಗುತ್ತಾರೆ.

ಬೆಂಗಳೂರಿನಲ್ಲಿ ಇದ್ಯಾವುದೂ ಇಲ್ಲ. ಮನೆ ಬಿಸಿ ಮಾಡುವ ಅಗತ್ಯವೇ ಇಲ್ಲ, ಡಿಸೆಂಬರಿಗೆ ಒಂದು ಸ್ವೆಟರ್ ಸಾಕು. ನಮಗೆ ಬೇಕಾಗಿರೋದು ಸ್ನಾನದ ನೀರು. ಅದಕ್ಕೆ ಈ ಊರಿನ ಹವೆ ಹೇಳಿ ಮಾಡಿಸಿದ ಹಾಗಿದೆ. ಜನವರಿಯಲ್ಲೂ ಮಧ್ಯಾಹ್ನ ಮೂರು ಗಂಟೆಗೆ 27 ಡಿಗ್ರಿ ಇರುತ್ತದೆ. 55 ಡಿಗ್ರಿ ನೀರು ಬೇಕೆಂದರೆ ಎತ್ತಬೇಕಾದ್ದು 28 ಡಿಗ್ರಿ. ಅದೇ ಬೆಳಗಿನ ಐದು ಗಂಟೆಗೆ 15 ಡಿಗ್ರಿ ಇದ್ದರೆ 40 ಎತ್ತಬೇಕು. ಅದಕ್ಕೇ ಟೈಮರ್ ಮಧ್ಯಾಹ್ನಕ್ಕೆ ಇಡಿ. ಒಳ್ಳೆಯ ಟ್ಯಾಂಕ್ ಆದರೆ ಬೆಳಗ್ಗೆವರೆಗೆ ಕೆಲವೇ ಡಿಗ್ರಿ ಇಳಿಯುತ್ತದೆ. ಚಾವಣಿಯಲ್ಲಿ ಸೋಲಾರ್ ಕರೆಂಟಿನ ಪ್ಯಾನೆಲ್ ಇದ್ದವರಿಗಂತೂ ಡಬಲ್ ಲಾಭ. 50 ಡಿಗ್ರಿ ಸಾಕಾದರೆ 65ಕ್ಕೆ ಇಡಬೇಡಿ. ವಾರಕ್ಕೊಮ್ಮೆ ಮಾತ್ರ 60 ಮುಟ್ಟಿಸಿ, ನಿಂತ ನೀರಿನ ಬ್ಯಾಕ್ಟೀರಿಯಾ ಸಾಯಲಿ.

ಇದು ನಿಧಾನದ ಯಂತ್ರ ಅನ್ನೋದನ್ನು ಮಾರುವವರು ಹೇಳುವುದಿಲ್ಲ. ಎರಡು ಕಿಲೋವ್ಯಾಟ್ ಗೀಸರ್ 15 ಲೀಟರನ್ನು 20 ನಿಮಿಷದಲ್ಲಿ ಕಾಯಿಸಿ ಕೊಡುತ್ತದೆ. ಹೀಟ್ ಪಂಪ್‌ಗೆ 200 ಲೀಟರ್ ಟ್ಯಾಂಕ್ ಬಿಸಿಯಾಗಲು ಮೂರ್ನಾಲ್ಕು ಗಂಟೆ ಬೇಕು. ಮಾಮೂಲಿ ದಿನಗಳಲ್ಲಿ ಗೊತ್ತಾಗುವುದಿಲ್ಲ. ನೀರು ತುಂಬುವ ಹಬ್ಬದ ಮರುದಿನ ಗೊತ್ತಾಗುತ್ತದೆ. ನರಕ ಚತುರ್ದಶಿ ಬೆಳಗಿನ ಜಾವ ಮನೆ ತುಂಬ ನೆಂಟರು, ಎಲ್ಲರ ಮೈಗೂ ಎಣ್ಣೆ, ಸೀಗೆಪುಡಿ, ಒಬ್ಬೊಬ್ಬರಿಗೂ ಮೂರು ಬಕೆಟ್. ಐದನೆಯವರ ಹೊತ್ತಿಗೆ ಟ್ಯಾಂಕ್ ಖಾಲಿ. ಹಂಡೆಗೆ ಇನ್ನೆರಡು ಸೌದೆ ಒಟ್ಟಿದ ಹಾಗೆ ಇಲ್ಲಿ ಒಟ್ಟೋಕಾಗಲ್ಲ. ಇಂಥ ಹೊತ್ತಿಗೆಂದೇ ಕೆಲವು ಮಾಡೆಲ್‌ಗಳಲ್ಲಿ ಗೀಸರ್ ತರಹದ ಕಾಯಿಲ್ ಕೂಡ ಇರುತ್ತದೆ. ಹಬ್ಬ ಮುಗಿದ ಮೇಲೆ ಅದನ್ನು ಮರೆಯದೆ ಆಫ್ ಮಾಡಿ. ಇಲ್ಲದಿದ್ದರೆ ದುಬಾರಿ ಗೀಸರ್ ಕೊಂಡ ಹಾಗಾಯಿತು.

ಜಾಗದ ವಿಚಾರಕ್ಕೆ ಬಂದರೆ, ಮುಚ್ಚಿದ ಡಕ್ಟ್‌ನಲ್ಲಿ ಇಡಬೇಡಿ. ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಯುಟಿಲಿಟಿ ಬಾಲ್ಕನಿ ಒಳ್ಳೆಯದು, ಆದರೆ ತುಂಬಿದ ಟ್ಯಾಂಕ್ 200 ಕಿಲೋ ಮೀರುತ್ತದೆ, ಮೊದಲು ಎಂಜಿನಿಯರನ್ನು ಕೇಳಿ. ಗಾಳಿಯ ತೇವ ನೀರಾಗಿ ತೊಟ್ಟಿಕ್ಕುತ್ತದೆ, ಅದಕ್ಕೊಂದು ಪೈಪ್ ಬೇಕು. ದೋಸೆ ಹಿಟ್ಟಿನ ಪಾತ್ರೆಯನ್ನು ಅದರ ಮುಂದೆ ಇಟ್ಟರೆ ಹುಳಿ ಬರುವುದಿಲ್ಲ. ಬಚ್ಚಲು 15 ಮೀಟರ್ ದೂರ ಇದ್ದರೆ ನಲ್ಲಿ ತಿರುಗಿಸಿದಾಗ ಮೊದಲು ಸುಮಾರು ನಾಲ್ಕು ಲೀಟರ್ ತಣ್ಣೀರೇ ಬರುತ್ತದೆ. ಬೋರ್ ನೀರಿನ ಮನೆಯಾದರೆ ಸಾಫ್ಟ್‌ನರ್ ಹಾಕಿಸಿ, ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಸವೆಯುವ ಒಳಗಿನ ಆನೋಡ್ ಕಡ್ಡಿಯನ್ನು ಸರ್ವಿಸ್‌ನವರಿಂದ ನೋಡಿಸುತ್ತಿರಿ.

ಈಗ ದುಡ್ಡು. ನಾಲ್ಕು ಜನರ ಮನೆಗೆ ದಿನಕ್ಕೆ 150 ಲೀಟರ್ ನೀರನ್ನು 22ರಿಂದ 50 ಡಿಗ್ರಿಗೆ ಏರಿಸಲು ಸುಮಾರು 4.9 ಯೂನಿಟ್ ಶಾಖ ಬೇಕು. ಗೀಸರ್‌ನಲ್ಲಿ ತಿಂಗಳಿಗೆ 146 ಯೂನಿಟ್ ಕರೆಂಟು, ಹೀಟ್ ಪಂಪ್‌ನಲ್ಲಿ 49. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 7,000 ರೂಪಾಯಿ ಉಳಿತಾಯ. ಯಂತ್ರದ ಬೆಲೆ ಲಕ್ಷದ ಆಸುಪಾಸು. ಹಣ ವಾಪಸಾಗಲು 14 ವರ್ಷ! ಸ್ವಂತ ಚಾವಣಿ ಇರುವವರು ಸುಮ್ನೆ ಸೋಲಾರ್ ವಾಟರ್ ಹೀಟರ್ ಹಾಕಿಸಿಕೊಳ್ಳುವುದೇ ಜಾಣತನ. ಜುಲೈ, ಆಗಸ್ಟ್ ಮೋಡಕ್ಕೆ ಹೇಗೂ ಗೀಸರ್ ಇದೆ. ಗೃಹಜ್ಯೋತಿಯ ಫಲಾನುಭವಿಗಳ ಲೆಕ್ಕ ಸ್ವಲ್ಪ ಬೇರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಆ ಗೆರೆಯ ಮೇಲೆಕೆಳಗೆ ಆಡುತ್ತಿರುವ ಮನೆಗೆ 97 ಯೂನಿಟ್ ಕಡಿಮೆಯಾಗೋದು ದೊಡ್ಡ ವಿಷಯ.

ನನ್ನ ಕೇಳಿದರೆ ಈ ಯಂತ್ರ ಮೊದಲು ಹೋಗಬೇಕಾದ್ದು ಪಿಜಿಗಳಿಗೆ, ಹಾಸ್ಟೆಲ್‌ಗಳಿಗೆ, ಕಲ್ಯಾಣ ಮಂಟಪಗಳಿಗೆ. ಅರವತ್ತು ಜನರ ಪಿಜಿಯಲ್ಲಿ ತಲೆಗೆ 25 ಲೀಟರ್ ಅಂದರೂ ದಿನಕ್ಕೆ 1,500 ಲೀಟರ್. ಮನೆಯ ಲೆಕ್ಕಕ್ಕೆ ಹತ್ತು ಪಟ್ಟು. ವರ್ಷಕ್ಕೆ 70,000 ರೂಪಾಯಿ ಉಳಿಯುತ್ತದೆ, ಯಂತ್ರಕ್ಕೆ ಮೂರು ಲಕ್ಷ ಹಿಡಿದರೂ ನಾಲ್ಕೈದು ವರ್ಷದಲ್ಲಿ ಹಣ ವಾಪಸ್. ಬೆಳಗ್ಗೆ ಏಳು ಗಂಟೆಗೆ ಇಪ್ಪತ್ತು ಗೀಸರ್ ಒಟ್ಟಿಗೆ ಹಾಕಿ ಫ್ಯೂಸ್ ಹಾರಿಸೋದೂ ತಪ್ಪುತ್ತದೆ. ಓನರ್‌ಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಬಹಳ ಕಡೆ ಕಟ್ಟಡ ಒಬ್ಬರದು, ಪಿಜಿ ನಡೆಸುವವರು ಇನ್ನೊಬ್ಬರು. ಲೀಸ್ ಮೂರು ವರ್ಷದ್ದಾದರೆ ಐದನೇ ವರ್ಷ ಲಾಭ ಕೊಡುವ ಯಂತ್ರಕ್ಕೆ ಯಾರು ದುಡ್ಡು ಹಾಕುತ್ತಾರೆ?