ಪದ ಪರಿಚಯ: ಕರ್ಷಣ ಮತ್ತು ಸಂಪೀಡನ

ವಸ್ತುವೊಂದನ್ನು ಎರಡು ತುದಿಗಳಿಂದ ಹೊರಮುಖವಾಗಿ ಎಳೆಯುವ ಬಲಕ್ಕೆ ಕರ್ಷಣ ಬಲವೆಂದೂ, ಎರಡು ಕಡೆಗಳಿಂದ ಒಳಮುಖವಾಗಿ ಒತ್ತುವ ಬಲಕ್ಕೆ ಸಂಪೀಡನ ಬಲವೆಂದೂ ಹೆಸರು. ಕರ್ಷಣದ ಮೂಲವಾದ ಸಂಸ್ಕೃತದ ‘ಕೃಷ್’ ಧಾತುವಿಗೆ ಎಳೆ, ಉಳು ಎಂಬ ಅರ್ಥಗಳಿವೆ. ಕೃಷಿ, ಆಕರ್ಷಣೆ ಎಂಬ ಮಾತುಗಳೂ ಅಲ್ಲಿಂದಲೇ ಬಂದವು. ಸಂಪೀಡನವು ಒತ್ತು, ಹಿಂಡು ಎಂಬ ಅರ್ಥದ ‘ಪೀಡ್’ ಧಾತುವಿನದು. ಬೆನ್ನುಬಿಡದ ಪೀಡೆಗೂ ಅದೇ ಮೂಲ. ‘ಒತ್ತಡ’ ಎಂಬ ಪದವು ಗಾಳಿ, ನೀರಿನಿಂದ ಹಿಡಿದು ಮನಸ್ಸಿನವರೆಗೆ ಎಲ್ಲಕ್ಕೂ ಬಳಕೆಯಾಗಿ ಸವೆದಿರುವುದರಿಂದ, ಈ ಚರ್ಚೆಯಲ್ಲಿ ಅದನ್ನು ದೂರವಿಡುವುದು ವಾಸಿ.

ಎಳೆದರೆ ವಸ್ತು ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ. ಕಣ್ಣಿಗೆ ಕಾಣದಷ್ಟು ಅಲ್ಪವಾದರೂ ಕಲ್ಲಿಗೂ ಉಕ್ಕಿಗೂ ಇದು ತಪ್ಪಿದ್ದಲ್ಲ. 10 ಮಿಲಿಮೀಟರ್ ದಪ್ಪದ, 1 ಮೀಟರ್ ಉದ್ದದ ಉಕ್ಕಿನ ಕಂಬಿಯ ತುದಿಗೆ ಸುಮಾರು 1.6 ಟನ್ ಭಾರವನ್ನು ತೂಗುಬಿಟ್ಟರೆ ಅದು 1 ಮಿಲಿಮೀಟರಿನಷ್ಟು ಉದ್ದವಾಗುತ್ತದೆ, ಭಾರ ತೆಗೆದರೆ ಮೊದಲಿನ ಅಳತೆಗೆ ಮರಳುತ್ತದೆ. ಪಕ್ಕಕ್ಕೆ ಬಾಗದಂತೆ ಹಿಡಿದು ಅಷ್ಟೇ ಬಲದಿಂದ ಒತ್ತಿದರೆ ಅಷ್ಟೇ ಕುಗ್ಗುತ್ತದೆ. ಉಕ್ಕು ಈ ವಿಷಯದಲ್ಲಿ ಪಕ್ಷಪಾತಿಯಲ್ಲ. ಕಲ್ಲು, ಇಟ್ಟಿಗೆ, ಕಾಂಕ್ರೀಟುಗಳಾದರೋ ಒತ್ತಿದಾಗ ಗಟ್ಟಿ, ಎಳೆದಾಗ ದುರ್ಬಲ.

ಈ ಭೇದಕ್ಕೆ ಕಾರಣ ವಸ್ತುವಿನೊಳಗೆ ಮೊದಲೇ ಅಡಗಿರುವ ಸಣ್ಣ ಬಿರುಕುಗಳು. ಒತ್ತಿದಾಗ ಬಿರುಕಿನ ಬಾಯಿ ಮುಚ್ಚಿಕೊಂಡು, ಬಲವು ಒಂದು ದಡದಿಂದ ಇನ್ನೊಂದಕ್ಕೆ ದಾಟಿ ಹೋಗುತ್ತದೆ. ಎಳೆದಾಗ ಬಾಯಿ ತೆರೆದುಕೊಂಡು, ದಾಟಲು ದಾರಿಯಿಲ್ಲದ ಬಲವೆಲ್ಲ ಬಿರುಕಿನ ತುದಿಯಲ್ಲಿ ಒಟ್ಟುಗೂಡಿ ಅದನ್ನು ಮುಂದಕ್ಕೆ ಸೀಳುತ್ತದೆ. ಗಾಜಿನ ಮೇಲೆ ಪ್ರಯೋಗ ಮಾಡಿ ಈ ಸೀಳುವಿಕೆಯನ್ನು ಲೆಕ್ಕಕ್ಕೆ ತಂದವರು ಇಂಗ್ಲೆಂಡಿನ ಎ. ಎ. ಗ್ರಿಫಿತ್, ಅವರ ಪ್ರಬಂಧ ಹೊರಬಂದದ್ದು 1920ರ ದಶಕದ ಆರಂಭದಲ್ಲಿ. ಉಕ್ಕಿನಲ್ಲಿಯೂ ದೋಷಗಳಿರುತ್ತವೆ, ಆದರೆ ಅದು ಬಿರುಕಿನ ತುದಿಯಲ್ಲಿ ಮುರಿಯದೆ ತುಸು ಮಣಿಯುವುದರಿಂದ ಸೀಳು ಅಷ್ಟು ಸುಲಭವಾಗಿ ಓಡುವುದಿಲ್ಲ.

ಲೆಕ್ಕ ಗೊತ್ತಿಲ್ಲದಿದ್ದರೂ ಈ ಮರ್ಮವನ್ನು ಬಲ್ಲವರು ನಮ್ಮ ಕಲ್ಲುಕುಟಿಗರು. ಬಂಡೆಯ ಮೇಲೆ ಒಂದೇ ಸಾಲಿನಲ್ಲಿ ಕುಳಿಗಳನ್ನು ಕೊರೆದು, ಬೆಣೆಗಳನ್ನಿಟ್ಟು ಸರದಿಯಂತೆ ಸುತ್ತಿಗೆಯಿಂದ ಬಡಿಯುತ್ತ ಹೋದರೆ, ಬೆಣೆಗಳು ಕಲ್ಲನ್ನು ಇಬ್ಬದಿಗೆ ತಳ್ಳುತ್ತವೆ, ಅಂದರೆ ಸಾಲಿನುದ್ದಕ್ಕೂ ಕಲ್ಲು ಕರ್ಷಣಕ್ಕೆ ಸಿಕ್ಕಿ ಹೋಳಾಗುತ್ತದೆ. ಅದೇ ಬಂಡೆಯನ್ನು ಒತ್ತಿ ಪುಡಿಮಾಡಲು ಹೊರಟರೆ ಅದರ ಹತ್ತುಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಲ ಬೇಕಾದೀತು.

ಎರಡು ಕಂಬಗಳ ಮೇಲಿಟ್ಟ ತೊಲೆಯಲ್ಲಿ ಎರಡು ಬಲಗಳೂ ಒಟ್ಟಿಗೆ ಇರುತ್ತವೆ. ಭಾರಕ್ಕೆ ತೊಲೆ ಬಾಗುವಾಗ ಮೇಲ್ಮೈ ಕುಗ್ಗುತ್ತದೆ, ಕೆಳಮೈ ಹಿಗ್ಗುತ್ತದೆ. ಕಲ್ಲಿನ ತೊಲೆಯಾದರೆ ಬಿರುಕು ಹುಟ್ಟುವುದು ಕೆಳಗಿನಿಂದ. ಹಂಪೆಯ ಮಂಟಪಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿರುವುದಕ್ಕೆ ಶಿಲ್ಪಿಯ ಅಲಂಕಾರಪ್ರಿಯತೆಯೊಂದೇ ಕಾರಣವಲ್ಲ; ಕಂಬಗಳ ನಡುವಿನ ದೂರ ಹೆಚ್ಚಿದರೆ ಮೇಲಿನ ತೊಲೆಯ ಕೆಳಮೈ ಎಳೆತ ತಾಳಲಾರದು. ಕಲ್ಲನ್ನೂ ಇಟ್ಟಿಗೆಯನ್ನೂ ಬಹುಮಟ್ಟಿಗೆ ಸಂಪೀಡನದಲ್ಲೇ ಇರಿಸುವ ಕಮಾನು, ಗುಮ್ಮಟಗಳಿಗೆ ಈ ಕಟ್ಟುಪಾಡಿಲ್ಲ. ವಿಜಯಪುರದ ಗೋಳಗುಮ್ಮಟವು ಸುಮಾರು 38 ಮೀಟರ್ ಒಳವ್ಯಾಸವನ್ನು ನಡುವೆ ಒಂದೂ ಕಂಬವಿಲ್ಲದೆ ಮುಚ್ಚಿರುವುದು ಇದರಿಂದಲೇ.

ಕಾಂಕ್ರೀಟು ಮನುಷ್ಯ ಮಾಡಿದ ಕಲ್ಲೇ ಆದ್ದರಿಂದ ಕಲ್ಲಿನ ದೌರ್ಬಲ್ಯ ಅದಕ್ಕೂ ಬಂದಿದೆ. ಎಂ20 ದರ್ಜೆಯೆಂದರೆ, 150 ಮಿಲಿಮೀಟರ್ ಅಳತೆಯ ಘನವು 28 ದಿನಗಳ ಬಳಿಕ ಚದರ ಮಿಲಿಮೀಟರಿಗೆ 20 ನ್ಯೂಟನ್, ಅಂದರೆ ಒಟ್ಟು ಸುಮಾರು 45 ಟನ್ ಸಂಪೀಡನವನ್ನು ತಾಳಬೇಕು. ಎಳೆದರೆ ಅದು ತಾಳುವುದು ಇದರ ಹತ್ತನೆಯ ಒಂದು ಪಾಲಿನ ಆಸುಪಾಸು ಮಾತ್ರ. ಆದ್ದರಿಂದಲೇ ಎಳೆತ ಬೀಳುವ ಕಡೆ ಕಂಬಿ ಹಾಕುತ್ತಾರೆ. ಬಿಸಿಲಿಗೆ ಉಕ್ಕೂ ಕಾಂಕ್ರೀಟೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಎಂಬುದು ಈ ಜೋಡಿಗೆ ಒದಗಿದ ಭಾಗ್ಯ; ಹಾಗಿಲ್ಲದಿದ್ದರೆ ಅವೆರಡರ ಬೆಸುಗೆ ಸಡಿಲವಾಗುತ್ತಿತ್ತು.

ಎಳೆತ ಯಾವ ಕಡೆ ಬೀಳುತ್ತದೆ ಎಂಬುದನ್ನು ತಪ್ಪಾಗಿ ತಿಳಿಯುವುದು ಹೆಚ್ಚಾಗಿ ಕಿಟಕಿಯ ಮೇಲಿನ ಸಜ್ಜಾದಲ್ಲಿ. ಎರಡೂ ಬದಿಯಲ್ಲಿ ಆಸರೆಯಿರುವ ಛಾವಣಿಯ ನಡುಭಾಗದಲ್ಲಿ ಎಳೆತ ಕೆಳಮೈಯಲ್ಲಿದ್ದರೆ, ಗೋಡೆಯಿಂದ ಹೊರಚಾಚಿದ ಸಜ್ಜಾ ತುದಿಯಲ್ಲಿ ಜಗ್ಗುವುದರಿಂದ ಅಲ್ಲಿ ಎಳೆತವೆಲ್ಲ ಮೇಲ್ಮೈಗೆ, ಅದರಲ್ಲೂ ಸಜ್ಜಾ ಗೋಡೆಗೆ ಸೇರುವ ಕಡೆಗೆ ಬರುತ್ತದೆ. ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು, ಮತ್ತು ಗೋಡೆಯ ಕಡೆಗೆ ಸಾಕಷ್ಟು ಒಳಹೊಕ್ಕಿರಬೇಕು. ಕಂಬಿಯನ್ನು ಸರಿಯಾದ ಜಾಗದಲ್ಲೇ ಕಟ್ಟಿದ್ದರೂ, ಕಾಂಕ್ರೀಟು ಸುರಿಯುವವರ ಕಾಲ್ತುಳಿತಕ್ಕೆ ಅದು ಕೆಳಗೆ ಕುಸಿದುಹೋದರೆ, ಖರ್ಚು ಮಾಡಿದ ಉಕ್ಕು ಸಂಪೀಡನದ ಕಡೆ ಮಲಗಿರುತ್ತದೆ, ಮೇಲ್ಮೈ ಬರಿಗಲ್ಲಿನಂತಾಗುತ್ತದೆ. ಅಂಥ ಸಜ್ಜಾ, ಕಾಂಕ್ರೀಟು ಗಟ್ಟಿಯಾಗುವವರೆಗೆ ಆಸರೆಯಾಗಿ ಕಟ್ಟಿದ್ದ ಸೆಂಟ್ರಿಂಗ್ ಬಿಚ್ಚಿದಾಗಲೇ ಮುರಿದು ಬಿದ್ದೀತು.

ಹಾಗಾದರೆ ಒತ್ತುಬಲವನ್ನೇ ಹೊರುವ ಕಂಬಕ್ಕೆ ಕಂಬಿ ಏಕೆ ಎಂದು ಕೇಳಬಹುದು. ಕಂಬಿಯೂ ಭಾರದಲ್ಲಿ ಪಾಲು ಹೊರುತ್ತದೆ. ಅಲ್ಲದೆ ಕಂಬಕ್ಕೆ ಬರುವ ಭಾರ ಎಂದೂ ನಟ್ಟನಡುವೆಯೇ ಬೀಳುವುದಿಲ್ಲ, ಆದ್ದರಿಂದ ಅದೂ ಅಷ್ಟಿಷ್ಟು ಬಾಗುತ್ತದೆ. ಪೊರಕೆಯ ಕಡ್ಡಿಯ ಎರಡು ತುದಿಗಳನ್ನು ಒತ್ತಿದರೆ ಅದು ನುಜ್ಜಾಗುವ ಬದಲು ಪಕ್ಕಕ್ಕೆ ಬಳುಕುವಂತೆ, ತೆಳ್ಳಗಿನ ಕಂಬಿಯೂ ಸಂಪೀಡನದಲ್ಲಿ ಬಳುಕಿ ಹೊರಬರಲು ನೋಡುತ್ತದೆ. ಕಂಬದ ಕಂಬಿಗಳ ಸುತ್ತ ನಿರ್ದಿಷ್ಟ ಅಂತರಗಳಲ್ಲಿ ಕಟ್ಟುವ ರಿಂಗುಗಳು ಆ ಬಳುಕನ್ನು ತಡೆದು ಹಿಡಿಯುತ್ತವೆ.