ಲೇನಿನಲ್ಲಿ ಹೆಸರಿದ್ದರೆ ಹೊಣೆಯೂ ಅವರದೇ ಆಗುತ್ತದೆಯೇ?

ಓದುಗರ ಪ್ರಶ್ನೆ: ನಮ್ಮದು ಗೇರುಬೀಜದ ಸಣ್ಣ ಘಟಕ. ಕೆಲಸ ಹೇಗೆ ನಡೆಯುತ್ತದೆ ಎಂದು ಬಿಪಿಎಂಎನ್ ಪದ್ಧತಿಯಲ್ಲಿ, ಅಂದರೆ ಪ್ರತಿ ಕೆಲಸಕ್ಕೂ ಒಂದು ಚೌಕ ಹಾಕಿ ಗೆರೆಯಿಂದ ಜೋಡಿಸುವ ಪದ್ಧತಿಯಲ್ಲಿ, ಚಿತ್ರ ಮಾಡಿದ್ದೇವೆ. ಚೌಕಗಳು ಕೂರುವ ಪ್ರತಿ ಲೇನಿಗೂ (ಅಡ್ಡಪಟ್ಟಿಗೂ) ವಿಭಾಗದ ಹೆಸರು ಹಾಕಿದ್ದೇವೆ. ಹೊಣೆ ಯಾರದು, ಯಾವ ಕಾನೂನು ಅನ್ವಯಿಸುತ್ತದೆ ಎಂದು ಮತ್ತೆ ಬೇರೆ ಬರೆಯಬೇಕೇ? ಬರೆಯುವುದಾದರೆ ಎಲ್ಲಿ?

ಬರೆಯಬೇಕು. ಬೇರೆಯಾಗಿಯೇ ಬರೆಯಬೇಕು.

ಈ ಪ್ರಶ್ನೆ ನನಗೆ ಹೊಸದಲ್ಲ. ಕುಂಬಳೆಯಲ್ಲಿ ಕೇಳಿದ್ದಾರೆ, ಬದಿಯಡ್ಕದಲ್ಲಿ ಕೇಳಿದ್ದಾರೆ, ಮುಳ್ಳೇರಿಯದ ಒಂದು ಮದುವೆ ಊಟದಲ್ಲಿ ಪಾಯಸ ಬಡಿಸುವ ಹೊತ್ತಿಗೆ ಕೇಳಿದ್ದಾರೆ. ಪ್ರತಿ ಸಲವೂ ಉತ್ತರ ಹೇಳಿದ್ದೇನೆ. ಕೇಳಿದವರು "ಸರಿ ಟೀಚರೇ" ಎಂದು ಹೋಗಿ, ಮುಂದಿನ ತಿಂಗಳು ಅದೇ ಚಿತ್ರ ಹಿಡಿದುಕೊಂಡು ಬಂದಿದ್ದಾರೆ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ.

ಎಲ್ಲರ ತಲೆಯಲ್ಲೂ ಕೂತಿರುವ ತಪ್ಪು ಒಂದೇ. ಲೇನಿನ ಎಡಗಡೆ ಯಾರ ಹೆಸರಿದೆಯೋ ಅವರೇ ಆ ಕೆಲಸದ ಓನರ್ ಎನ್ನುವುದು. ಅಲ್ಲ. ಕೆಲಸ ಯಾರ ಕೈಯಲ್ಲಿ ನಡೆಯುತ್ತದೆ ಎಂದು ಲೇನ್ ಹೇಳುತ್ತದೆ, ಅಷ್ಟೇ. ಆ ಕೆಲಸ ಕೆಟ್ಟರೆ ಯಾರು ಉತ್ತರ ಕೊಡಬೇಕು, ಅದನ್ನು ಬದಲಾಯಿಸುವ ಅಧಿಕಾರ ಯಾರಿಗಿದೆ ಎಂದು ಲೇನ್ ಹೇಳುವುದಿಲ್ಲ.

ಇದು ನನ್ನ ಸ್ವಂತ ಅಭಿಪ್ರಾಯ ಅಲ್ಲ. ಬಿಪಿಎಂಎನ್ 2.0 ಬಂದದ್ದು 2011ರಲ್ಲಿ. ಹೊರತಂದದ್ದು ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್. 2013ರಲ್ಲಿ ಅದು ಐಎಸ್‌ಒ/ಐಇಸಿ 19510 ಎಂಬ ಅಂತಾರಾಷ್ಟ್ರೀಯ ಮಾನಕವೂ ಆಯಿತು. ಆ ಮಾನಕದಲ್ಲೇ ಲೇನಿಗೆ ಇಂಥದ್ದೇ ಅರ್ಥ ಎಂದು ಕಟ್ಟಿಲ್ಲ. ಹುದ್ದೆ ಇರಬಹುದು, ವಿಭಾಗ ಇರಬಹುದು, ಕಂಪ್ಯೂಟರಿನ ಸಾಫ್ಟ್‌ವೇರ್ ಕೂಡ ಇರಬಹುದು. ಯಾವ ಅರ್ಥ ಎಂದು ತೀರ್ಮಾನಿಸುವುದನ್ನು ಚಿತ್ರ ಮಾಡುವವರಿಗೇ ಬಿಟ್ಟಿದ್ದಾರೆ. ನಿಮ್ಮಲ್ಲೇ ಎಷ್ಟೋ ಜನ "ಟ್ಯಾಲಿ" ಎಂದು ಒಂದು ಲೇನ್ ಎಳೆದಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಜಿಎಸ್‌ಟಿ ನೋಟಿಸ್ ಬಂದ ದಿನ ಟ್ಯಾಲಿ ಎದ್ದು ಹೋಗಿ ಉತ್ತರ ಕೊಡುವುದಿಲ್ಲ ಅಲ್ವಾ?

ಸ್ವಲ್ಪ ಜಾಸ್ತಿ ಓದಿದವರು ಇನ್ನೊಂದು ವಾದ ತರುತ್ತಾರೆ. "ಮಾನಕದಲ್ಲೇ ಪೊಟೆನ್ಶಿಯಲ್ ಓನರ್ ಎಂದು ಇದೆಯಲ್ಲ ಟೀಚರೇ, ಅದೇ ಸಾಕು." ಅಲ್ಲಿ ಓನರ್ ಎಂಬ ಪದ ಇರುವುದು ನಿಜ. ಅದರ ಅರ್ಥ ಮಾತ್ರ ಬೇರೆ. ಬಾಕಿ ಕೆಲಸಗಳ ಪಟ್ಟಿಯಿಂದ ಒಂದನ್ನು ಎತ್ತಿಕೊಂಡು ಮಾಡಬಹುದಾದವರು ಎಂದಷ್ಟೇ. ಕ್ಲಾಸಿನಲ್ಲಿ "ಬೋರ್ಡ್ ಒರಸಲಿಕ್ಕೆ ಯಾರು ಬರ್ತೀರಿ" ಎಂದರೆ ಐದು ಮಕ್ಕಳು ಕೈ ಎತ್ತುತ್ತಾರೆ. ಆ ಐದೂ ಮಕ್ಕಳು ಪೊಟೆನ್ಶಿಯಲ್ ಓನರ್‌ಗಳು. ಕ್ಲಾಸಿನ ಹೊಣೆ ಟೀಚರ್‌ದೇ.

ಇನ್ನು ನಾನೇ ಕಣ್ಣಾರೆ ಕಂಡದ್ದು. ಒಂದು ಗೇರುಬೀಜದ ಘಟಕದ ಚಿತ್ರದಲ್ಲಿ ನಾಲ್ಕು ಲೇನ್‌ಗಳಿದ್ದವು: ಖರೀದಿ, ಸಂಸ್ಕರಣೆ, ಪ್ಯಾಕಿಂಗ್, ಲೆಕ್ಕ. ನೋಡಲಿಕ್ಕೆ ಚೆಂದದ ಚಿತ್ರ. ಪ್ಯಾಕಿಂಗ್ ಕೋಣೆಯ ಕಿಟಕಿ ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ. ಒಬ್ಬರು ಅಕ್ಕ ಕಾಲು ಕಿಲೋ ಪ್ಯಾಕೆಟ್ ತೂಗುತ್ತಿದ್ದರು. ಅವರ ಕೈ ಎಷ್ಟು ಪಳಗಿತ್ತೆಂದರೆ ಎರಡು ಬೀಜ ಹಾಕಿ ಒಂದು ತೆಗೆಯುವಷ್ಟರಲ್ಲಿ ತೂಕ ಸರಿ ಆಗುತ್ತಿತ್ತು. ನಾನು ಬಗ್ಗಿ ತಕ್ಕಡಿಯ ಸೀಲ್ ನೋಡಿದೆ. ಇಂಥ ತಕ್ಕಡಿಗೆ ತೂಕ-ಅಳತೆ ನೋಡುವ ಲೀಗಲ್ ಮೆಟ್ರಾಲಜಿ ಇಲಾಖೆಯಿಂದ ವರ್ಷಕ್ಕೊಮ್ಮೆ ಸೀಲ್ ಹಾಕಿಸಬೇಕು. ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು.

ಖರೀದಿಯವರನ್ನು ಕೇಳಿದೆ. "ತಕ್ಕಡಿ ತಂದದ್ದು ನಾವು ಹೌದು, ಬಳಸುವುದು ಅವರು." ಲೆಕ್ಕದವರನ್ನು ಕೇಳಿದೆ. ಡ್ರಾಯರಿನಲ್ಲಿ ಕರೆಂಟ್ ಬಿಲ್ಲುಗಳ ಜೊತೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ ಸರ್ಟಿಫಿಕೇಟ್ ತೆಗೆದು ತೋರಿಸಿದರು. "ದುಡ್ಡು ಕೊಡುವುದು ಮಾತ್ರ ನಾವು." ಕೊನೆಗೆ ಎಲ್ಲರೂ ಚಿತ್ರದ ಕಡೆ ಬೆರಳು ತೋರಿಸಿದರು. ತೂಗುವ ಚೌಕ ಪ್ಯಾಕಿಂಗ್ ಲೇನಿನಲ್ಲಿದೆ, ಹಾಗಾಗಿ ಅಕ್ಕನದೇ ತಪ್ಪು ಎಂಬಂತೆ. ಅಕ್ಕ ಕೈ ಒರಸಿಕೊಂಡು ಹೇಳಿದರು: "ಟೀಚರೇ, ನಾನು ತೂಗುವವಳು. ಸೀಲ್ ನೋಡಬೇಕೆಂದು ನನಗೆ ಯಾರೂ ಹೇಳಲಿಲ್ಲ."

ಅವರು ಹೇಳಿದ್ದು ಪೂರ್ತಿ ಸರಿ. ಆ ಹೊಣೆ ಘಟಕದ ಮೇಲ್ವಿಚಾರಕರದು. ಮೇಲ್ವಿಚಾರಕರು ಆ ಚಿತ್ರದ ಯಾವ ಲೇನಿನಲ್ಲೂ ಇರಲಿಲ್ಲ! ದಿನದ ಕೆಲಸದಲ್ಲಿ ಅವರ ಚೌಕ ಒಂದೂ ಇಲ್ಲ, ಹಾಗಾಗಿ ಲೇನೂ ಇಲ್ಲ. ಹೊಣೆಗಾರರು ಚಿತ್ರದಲ್ಲಿ ಕಾಣಿಸದೇ ಇರಬಹುದು ಎಂದಾದ ಮೇಲೆ ಲೇನ್ ನೋಡಿ ಹೊಣೆ ಹುಡುಕುವುದು ಹೇಗೆ?

ಪೂಲ್, ಅಂದರೆ ಒಂದು ಇಡೀ ಸಂಸ್ಥೆಯನ್ನೋ ಹೊರಗಿನವರನ್ನೋ ತೋರಿಸುವ ದೊಡ್ಡ ಪಟ್ಟಿ, ಅದರ ವಿಷಯವೂ ಹೀಗೆಯೇ. ನಮ್ಮ ಕಾಸರಗೋಡಿನಲ್ಲಿ ಅರ್ಜಿಗಳೆಲ್ಲ ಅಕ್ಷಯ ಕೇಂದ್ರದ (ಅರ್ಜಿ ತುಂಬಿಸಿ ಕಳಿಸಿಕೊಡುವ ಕೇರಳದ ಸೇವಾ ಕೇಂದ್ರ) ಮೂಲಕ ಹೋಗುತ್ತವೆ. ಅದನ್ನು ಹೊರಗಿನ ಪೂಲ್ ಎಂದು ತೋರಿಸುವುದು ಸರಿ. ಆದರೆ ಅರ್ಜಿ ತುಂಬಿಸಿ ಕಳಿಸಿದ್ದಕ್ಕೆ ಪರವಾನಗಿಯ ಹೊಣೆ ಅವರದಾಗುವುದಿಲ್ಲ. ಅರ್ಜಿಯಲ್ಲಿ ಯಾರ ಮೊಬೈಲ್ ನಂಬರ್ ಕೊಟ್ಟಿದ್ದೀರಿ ಎಂದು ಇವತ್ತೇ ನೋಡಿಕೊಳ್ಳಿ. ಇಲಾಖೆಯ ಮೆಸೇಜ್ ಬರುವುದು ಆ ನಂಬರಿಗೆ.

ಈಗ ಎಲ್ಲಿ ಬರೆಯುವುದು ಎಂಬ ಪ್ರಶ್ನೆ. ಚಿತ್ರದ ಮೇಲೆಯೇ ಎಲ್ಲವನ್ನೂ ತುರುಕಬೇಡಿ. ಪ್ರತಿ ಚೌಕಕ್ಕೂ ಒಂದು ಕೋಡ್ ಕೊಡಿ. ವಿವರ ಆ ಚೌಕದ ಒಳಗಿನ ಮಾಹಿತಿ ಜಾಗದಲ್ಲಿರಲಿ. ಬಿಪಿಎಂಎನ್‌ನಲ್ಲಿ ಪ್ರತಿ ಅಂಶಕ್ಕೂ ಡಾಕ್ಯುಮೆಂಟೇಶನ್ ಎಂಬ ಜಾಗ ಇದ್ದೇ ಇದೆ. ಚಿತ್ರ ಮಾಡುವ ಸಾಫ್ಟ್‌ವೇರ್ ಕಮುಂಡಾ ಮಾಡೆಲರ್ ಆದರೆ ಬಲಗಡೆಯ ಪಟ್ಟಿಯಲ್ಲಿ ಅದು ಸಿಗುತ್ತದೆ, ಸ್ವಂತ ಕಾಲಂ ಬೇಕಾದರೆ ಎಕ್ಸ್‌ಟೆನ್ಶನ್ ಪ್ರಾಪರ್ಟೀಸ್ ಇದೆ. ಡ್ರಾ.ಐಒ ಬಳಸುವವರು ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್ ಡೇಟಾ ಒತ್ತಿ. ಒಂದು ಎಚ್ಚರಿಕೆ: ಚಿತ್ರವನ್ನು ಫೋಟೊ ಮಾಡಿ ವಾಟ್ಸಾಪಿಗೆ ಹಾಕಿದರೆ ಈ ವಿವರ ಯಾವುದೂ ಕಾಣುವುದಿಲ್ಲ. ಅದಕ್ಕೆ ಅದೇ ಕೋಡ್‌ಗಳ ಒಂದು ಪಟ್ಟಿ ಪ್ರಿಂಟ್ ಮಾಡಿ ಜೊತೆಗಿಡಿ.

ಆ ಘಟಕದಲ್ಲಿ ಆಮೇಲೆ ನಾವು ಬರೆದದ್ದು ಹೀಗೆ. "ಪ್ಯಾ-4. ಕೆಲಸ: ಪ್ಯಾಕೆಟ್ ತೂಗುವುದು. ಮಾಡುವವರು: ಪ್ಯಾಕಿಂಗ್ ಕೆಲಸದವರು. ಹೊಣೆ: ಘಟಕದ ಮೇಲ್ವಿಚಾರಕರು. ಅವರು ರಜೆಯಲ್ಲಿದ್ದರೆ: ಮ್ಯಾನೇಜರ್. ನಿಯಮ: ಲೀಗಲ್ ಮೆಟ್ರಾಲಜಿ, ತಕ್ಕಡಿಗೆ ವಾರ್ಷಿಕ ಸೀಲ್. ಪುರಾವೆ: ಸರ್ಟಿಫಿಕೇಟ್, ಪ್ಯಾಕಿಂಗ್ ಕೋಣೆಯ ಗೋಡೆಯಲ್ಲಿ. ಮುಂದಿನ ತಾರೀಕು: ಸರ್ಟಿಫಿಕೇಟಿನಲ್ಲಿ ಇರುವಂತೆ, ಒಂದು ತಿಂಗಳ ಮೊದಲು ನೆನಪಿಸುವವರು ಲೆಕ್ಕದವರು." ಇಷ್ಟೇ. ಪುರಾವೆ ಎಲ್ಲಿದೆ ಎಂಬ ಸಾಲನ್ನು ಯಾರೂ ಬಿಡಬೇಡಿ. ಕಾನೂನಿನ ಹೆಸರು ಬರೆದು ಕಾಗದ ಎಲ್ಲಿದೆ ಎಂದು ಬರೆಯದಿದ್ದರೆ ಅರ್ಧ ಕೆಲಸವೂ ಆಗಿಲ್ಲ.

ಎಲ್ಲ ಚೌಕಕ್ಕೂ ಇದು ಬೇಕಾಗಿಲ್ಲ. ಬೀಜ ಒಣಗಿಸುವ ಚೌಕಕ್ಕೆ ಒಂದು ಸಾಲು ಸಾಕು. ಆದರೆ ಖರೀದಿಯ ಚೌಕದಲ್ಲಿ ಕೈ ಬಿಗಿ ಮಾಡಬೇಡಿ. ಜಿಎಸ್‌ಟಿ ನೋಂದಣಿ ಇರುವ ಘಟಕ ಕೃಷಿಕರಿಂದ ಸಿಪ್ಪೆ ಸಹಿತ ಗೇರುಬೀಜ ಕೊಂಡರೆ ತೆರಿಗೆ ಕಟ್ಟಬೇಕಾದದ್ದು ಕೊಂಡವರು. ರಿವರ್ಸ್ ಚಾರ್ಜ್ ಎನ್ನುವುದು ಇದನ್ನೇ. ಕೃಷಿಕರಿಗೆ ನೋಂದಣಿ ಇಲ್ಲದಿದ್ದರೆ ಬಿಲ್ಲನ್ನೂ ನೀವೇ ಮಾಡಬೇಕು. 2024ರ ನವೆಂಬರ್ 1ರಿಂದ ಅದಕ್ಕೆ ಮಾಲು ಬಂದ ದಿನದಿಂದ 30 ದಿನದ ಗಡುವೂ ಇದೆ. ಮಾಲು ಕೃಷಿಕರದೋ ವ್ಯಾಪಾರಿಯದೋ ಎಂದು ಗೊತ್ತಿರುವುದು ಅಂಗಳದಲ್ಲಿ ಗೋಣಿ ಇಳಿಸಿಕೊಂಡವರಿಗೆ ಮಾತ್ರ. ತೆರಿಗೆ ಲೆಕ್ಕ ಹಾಕುವವರು ಒಳಗೆ ಕಂಪ್ಯೂಟರ್ ಮುಂದೆ. ಈ ಮಾತು ಖರೀದಿ ಚೌಕದಲ್ಲಿ ಬರೆಯದಿದ್ದರೆ ಒಳಗಿನವರಿಗೆ ತಿಳಿಯುವ ದಾರಿಯೇ ಇಲ್ಲ. ಆ ಲೆಕ್ಕದ ಕಾಗದಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು, ಅದನ್ನೂ ಬರೆಯಿರಿ. ತಲಪಾಡಿ ದಾಟಿ ಮಂಗಳೂರಿಗೆ 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಮಾಲು ಕಳಿಸುವವರು ಲೋಡಿಂಗ್ ಚೌಕದಲ್ಲಿ ಇ-ವೇ ಬಿಲ್ ಎಂದು ಹಾಕಿ.

ಹೊಣೆ ಎಂಬಲ್ಲಿ ವ್ಯಕ್ತಿಯ ಹೆಸರು ಬರೆಯುವುದೋ, ಹುದ್ದೆಯೋ? ಹುದ್ದೆ. ಜನ ಬದಲಾಗುತ್ತಾರೆ, ಗಲ್ಫಿಗೆ ಹೋಗುತ್ತಾರೆ, ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಪ್ರತಿ ಸಲ ಚಿತ್ರ ತಿದ್ದಲಿಕ್ಕೆ ಆಗುವುದಿಲ್ಲ. ಯಾವ ಹುದ್ದೆಯಲ್ಲಿ ಈಗ ಯಾರು ಎಂಬ ಪಟ್ಟಿ ಒಂದು ಹಾಳೆಯಲ್ಲಿ ಬೇರೆ ಇರಲಿ. ಆದರೆ ಒಂದು ಕಡೆ ಕಾನೂನೇ ವ್ಯಕ್ತಿಯ ಹೆಸರು ಕೇಳುತ್ತದೆ. 2006ರ ಆಹಾರ ಸುರಕ್ಷತೆ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಕಂಪನಿಗಳು ಆಹಾರ ಸುರಕ್ಷತೆಗೆ ಹೊಣೆಯಾದ ವ್ಯಕ್ತಿಯನ್ನು ನೇಮಿಸಬಹುದು, ಅದು ಫಾರ್ಮ್ 9ರಲ್ಲಿ ಹೋಗುತ್ತದೆ. ಹಲವು ಘಟಕಗಳಿದ್ದರೆ ಹಾಗೆ ಹೆಸರಿಸಿದ ಆಯಾ ಘಟಕದವರೇ ಉತ್ತರ ಕೊಡಬೇಕಾಗುತ್ತದೆ. ಅಂಥ ಚೌಕದಲ್ಲಿ "ಹೆಸರು ಫಾರ್ಮ್ 9ರಲ್ಲಿ ಇರುವಂತೆ" ಎಂದು ಬರೆಯಿರಿ. ಅವರು ಕೆಲಸ ಬಿಟ್ಟ ದಿನ ಫಾರ್ಮೂ ಬದಲಾಗಬೇಕು. ಬಿಟ್ಟು ಹೋದವರ ಹೆಸರು ಅಲ್ಲೇ ಉಳಿಯುವುದು ಅವರಿಗೂ ಅನ್ಯಾಯ.

ಯಾರೂ ಕೇಳದ ಇನ್ನೊಂದು ವಿಷಯ ಇದೆ. ಇದೆಲ್ಲವನ್ನು ಯಾವ ಭಾಷೆಯಲ್ಲಿ ಬರೆಯುವುದು? ನಮ್ಮ ಕಾಸರಗೋಡಿನಲ್ಲಿ ಇದು ಸಣ್ಣ ಮಾತಲ್ಲ. 1956ರಲ್ಲಿ ಕೇರಳಕ್ಕೆ ಸೇರಿದಲ್ಲಿಂದ ನಮ್ಮ ಕಡತಗಳಲ್ಲಿ ಎರಡು ಮೂರು ಭಾಷೆ ಒಟ್ಟಿಗೇ ಇವೆ. ಪರವಾನಗಿ ಇಂಗ್ಲಿಷಿನಲ್ಲಿ, ಪಂಚಾಯತಿನ ಕಾಗದ ಮಲಯಾಳದಲ್ಲಿ, ಕೆಲಸದ ಮಾತು ತುಳು, ಕನ್ನಡ, ಮಲಯಾಳ ಎಲ್ಲದರಲ್ಲೂ. ಒಂದು ಸಲ ಕನ್ನಡಕ್ಕೊಂದು, ಮಲಯಾಳಕ್ಕೊಂದು ಎಂದು ಎರಡು ಚಿತ್ರ ಮಾಡಿಸಿದ್ದೆ. ಆರು ತಿಂಗಳಲ್ಲಿ ಕನ್ನಡದ್ದನ್ನು ಮೂರು ಸಲ ತಿದ್ದಿದ್ದರು, ಮಲಯಾಳದ್ದು ಹಾಗೇ ಉಳಿದಿತ್ತು. ಗೋಡೆಯ ಮೇಲೆ ಎರಡು ಬೇರೆ ಬೇರೆ ಪದ್ಧತಿ!

ಈಗ ಒಂದೇ ಚಿತ್ರ ಮಾಡಿಸುತ್ತೇನೆ. ಚೌಕದೊಳಗೆ ಕೆಲಸದ ಹೆಸರು ಮೇಲೆ ಕನ್ನಡದಲ್ಲಿ, ಕೆಳಗೆ ಮಲಯಾಳದಲ್ಲಿ, ಮೂಲೆಯಲ್ಲಿ ಕೋಡ್. ಕೆಲಸದ ಹೆಸರು ಜನ ಬಾಯಲ್ಲಿ ಹೇಳುವ ಹಾಗೆಯೇ ಇರಲಿ: "ಬೀಜ ಆರಿಸುವುದು", "ಪ್ಯಾಕೆಟ್ ತೂಗುವುದು". ಕಾನೂನಿನ ಹೆಸರು ಮಾತ್ರ ಸರ್ಟಿಫಿಕೇಟಿನಲ್ಲಿ ಹೇಗಿದೆಯೋ ಹಾಗೆ. ನಾವು ಚೆಂದಕ್ಕೆ ಅನುವಾದ ಮಾಡಿದರೆ ಬೇಕಾದ ಹೊತ್ತಿಗೆ ಕಾಗದ ಸಿಗುವುದಿಲ್ಲ.

ಲೇಬಲ್ ನೋಡುವ ಚೌಕಕ್ಕೆ (ಆ ಘಟಕದಲ್ಲಿ ಅದರ ಕೋಡ್ ಪ್ಯಾ-6) ಇನ್ನೊಂದು ಸಾಲು ಬೇಕು. ಪ್ಯಾಕೆಟ್ ಸಾಮಾನಿನ ನಿಯಮ 2011ರದ್ದು. ಅದರ ಪ್ರಕಾರ ಕಡ್ಡಾಯ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಕನ್ನಡವನ್ನು ಅದರ ಜೊತೆಗೆ ಹಾಕಬಹುದು. ಅಂದರೆ ಲೇಬಲ್ ನೋಡುವವರಿಗೆ ಆ ಲಿಪಿ ಗೊತ್ತಿರಬೇಕು, ಇಲ್ಲವೇ ಬೇರೆ ದಾರಿ ಬೇಕು. ಆ ಘಟಕದಲ್ಲಿ ಅತಿ ಚುರುಕು ಕಣ್ಣು ಅದೇ ತೂಗುವ ಅಕ್ಕನದು. ಅವರಿಗೆ ಇಂಗ್ಲಿಷ್ ಓದಲಿಕ್ಕೆ ಬರುವುದಿಲ್ಲ. ಸರಿಯಾದ ಲೇಬಲ್ ಒಂದನ್ನು ದೊಡ್ಡದು ಮಾಡಿ ಗೋಡೆಗೆ ಅಂಟಿಸಿ, ತೂಕ, ಬೆಲೆ, ತಿಂಗಳು ಇರುವ ಜಾಗಕ್ಕೆ ಕೆಂಪು ಸುತ್ತು ಹಾಕಿದೆವು. ತಿಂಗಳ ಅಂಕಿಯನ್ನು ಪ್ರತಿ ಒಂದನೇ ತಾರೀಕಿಗೆ ಮೇಲ್ವಿಚಾರಕರು ಬದಲಾಯಿಸುತ್ತಾರೆ. ಕಳೆದ ಸಲ ನಾನು ಹೋದಾಗ, ಹಳೆಯ ತಿಂಗಳೇ ಅಚ್ಚಾದ ಒಂದು ಕಟ್ಟು ಲೇಬಲ್ ಅಕ್ಕನ ಕೈಯಲ್ಲಿತ್ತು. ಅದನ್ನು ತೆಗೆದುಕೊಂಡು ಹೋಗಿ ಮೇಲ್ವಿಚಾರಕರ ಮೇಜಿನ ಮೇಲಿಟ್ಟು, "ಪ್ಯಾ-6, ಇದು ನಿಮ್ಮದು" ಎಂದರು.